ಕಲ್ನಾರು: ಸಿಮೆಂಟ್ ಶೀಟು ಬಿಚ್ಚಲು ಮಾಡು ಹತ್ತುವ ಮುಂಚೆ

ಮೇ ತಿಂಗಳು ಬಂತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ ಮಾಡು, ಅಂದರೆ ಛಾವಣಿ, ಹತ್ತುವ ಕೆಲಸ ಶುರು. ಮಳೆ ಹಿಡಿಯುವುದರೊಳಗೆ ಒಡೆದ ಶೀಟು ಬದಲಾಯಿಸಬೇಕು, ಕೊಟ್ಟಿಗೆಗೆ ಹೊಸ ಇಳಿಜಾರು ಕಟ್ಟಬೇಕು. ಕಡಲ ಬದಿಯ ಉಪ್ಪುಗಾಳಿಗೆ ತಗಡು ಬೇಗ ತುಕ್ಕು ಹಿಡಿಯುತ್ತದೆ, ಸಿಮೆಂಟ್ ಶೀಟಿಗೆ ಆ ಕಾಟವಿಲ್ಲ. ಹಾಗಾಗಿ ಅಡಿಕೆ ಗೋದಾಮಿನ ಮೇಲೂ ಅದೇ, ಬಚ್ಚಲಮನೆಯ ಮೇಲೂ ಅದೇ. ಸಿವಿಲ್ ಡಿಪ್ಲೊಮಾ ಓದುತ್ತಾ ಸೈಟ್ ತರಬೇತಿಗೆ ಹೊರಟ ಗೆಳೆಯರಿಗಾಗಿ ಈ ಟಿಪ್ಪಣಿ. ಶೀಟಿನ ಉದ್ದ, ಓವರ್‌ಲ್ಯಾಪ್, ಹುಕ್ಕಿನ ಅಂತರ ನಾವು ಬಾಯಿಪಾಠ ಮಾಡಿದ್ದೇವೆ. ಅದನ್ನು ಕೊಯ್ಯುವವನ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕಲಿಯಬೇಕು.

ಆಸ್‌ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಎಂಬ ಹೆಸರಿದೆ. ಕಲ್ಲೇ, ಆದರೆ ನಾರಾಗಿ ಬಿಡಿಸಿಕೊಳ್ಳುವ ಕಲ್ಲು. ಇದರ ಅರ್ಧ ಪಾಠ ಆ ಹೆಸರಿನಲ್ಲೇ ಇದೆ. ಮರಳಿನ ಕಣ ಒಡೆದರೆ ಚಿಕ್ಕ ಕಣವಾಗುತ್ತದೆ. ಕಲ್ನಾರು ಮಾತ್ರ ತೆಂಗಿನ ನಾರಿನ ಹಾಗೆ ಉದ್ದುದ್ದಕ್ಕೆ ಸೀಳುತ್ತಾ ಕಣ್ಣಿಗೆ ಕಾಣದಷ್ಟು ತೆಳ್ಳಗಾಗುತ್ತದೆ. ಒಟ್ಟು 6 ಬಗೆಯ ಖನಿಜಗಳಿಗೆ ಈ ಹೆಸರು. ನಮ್ಮ ಶೀಟುಗಳಲ್ಲಿ ಇರುವುದು ಬಿಳಿ ಬಗೆಯ ಕ್ರೈಸೊಟೈಲ್. ಶೀಟಿನ ತೂಕದಲ್ಲಿ ಇದು ಸುಮಾರು ಹತ್ತನೇ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಸಿಮೆಂಟ್. ಭಾರತ ಇದನ್ನು ಮುಖ್ಯವಾಗಿ ರಷ್ಯಾದಿಂದ ತರಿಸಿಕೊಳ್ಳುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ, ಅಮೆರಿಕ 2024ರಲ್ಲಿ ಕ್ರೈಸೊಟೈಲ್ ನಿಷೇಧಿಸಿತು. ನಮ್ಮಲ್ಲಿ ಶೀಟಿನ ಮಾರಾಟ ಈಗಲೂ ನಡೆದಿದೆ.

ಹಾನಿ ಹೇಗೆ ಆಗುತ್ತದೆ? ಪರೀಕ್ಷೆಗೂ ಬದುಕಿಗೂ ಬೇಕಾದ ಭಾಗ ಇದು. ಗಾಳಿಯ ಮಾದರಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸುವಾಗ ಲೆಕ್ಕಕ್ಕೆ ಹಿಡಿಯುವುದು 5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉದ್ದ, 3 ಮೈಕ್ರಾನ್‌ಗಿಂತ ತೆಳು ಇರುವ ಎಳೆಗಳನ್ನು. ಇಷ್ಟು ತೆಳ್ಳಗಿನ ಎಳೆ ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೆ ಹೋಗುತ್ತದೆ. ಅಲ್ಲಿ ಕಸ ನುಂಗಲೆಂದೇ ಇರುವ ಭಕ್ಷಕ ಕೋಶಗಳು ಅದನ್ನು ನುಂಗಲು ಬರುತ್ತವೆ. ಎಳೆ ಕೋಶಕ್ಕಿಂತ ಉದ್ದವಾಗಿದ್ದರೆ ಪೂರ್ತಿ ನುಂಗಲಾಗದು, ಕರಗಿಸಲೂ ಆಗದು. ಕಚ್ಚಿಕೊಂಡೇ ಆ ಕೋಶ ಉರಿಯೂತದ ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತದೆ, ಸಾಯುತ್ತದೆ, ಇನ್ನೊಂದು ಬರುತ್ತದೆ. ವರ್ಷಗಟ್ಟಲೆ ಇದೇ ನಡೆದರೆ ಮೆತ್ತಗಿನ ಶ್ವಾಸಕೋಶ ಗಾಯ ಒಣಗಿದ ಚರ್ಮದಂತೆ ಗಡುಸಾಗುತ್ತದೆ. ಅದು ಆಸ್‌ಬೆಸ್ಟೋಸಿಸ್. ಮೊದಲು ಏರು ಹತ್ತುವಾಗ ಏದುಸಿರು, ಒಣಕೆಮ್ಮು; ಆಮೇಲೆ ಕೂತಲ್ಲೂ ಉಸಿರು ಸಾಲದು. ಗಡುಸಾದದ್ದನ್ನು ಮತ್ತೆ ಮೆತ್ತಗಾಗಿಸುವ ಔಷಧಿ ಇಲ್ಲ.

ಎರಡನೆಯದು ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಲ್ನಾರಿನ ಎಲ್ಲ ಬಗೆಗಳನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ. ಶ್ವಾಸಕೋಶ, ಧ್ವನಿಪೆಟ್ಟಿಗೆ, ಅಂಡಾಶಯದ ಕ್ಯಾನ್ಸರ್, ಜೊತೆಗೆ ಶ್ವಾಸಕೋಶದ ಹೊದಿಕೆಗೆ ಬರುವ ಮೀಸೊಥೀಲಿಯೋಮ. ಈ ಕೊನೆಯದು ತಲೆದೋರುವುದು ದೂಳು ಕುಡಿದ 20ರಿಂದ 50 ವರ್ಷಗಳ ನಂತರ. ಪತ್ತೆಯಾದ ಮೇಲೆ ಹೆಚ್ಚಿನವರಿಗೆ ಉಳಿಯುವುದು ಒಂದು ವರ್ಷದ ಆಸುಪಾಸು. ಬೀಡಿ ಸೇದುವ ಗೆಳೆಯರಿಗೆ ಇದನ್ನು ಓದಿ ಹೇಳಿ: ಅಮೆರಿಕದ ಇನ್ಸುಲೇಶನ್ ಕೆಲಸಗಾರರ ಬಗ್ಗೆ 1979ರಲ್ಲಿ ಬಂದ ಅಧ್ಯಯನದ ಪ್ರಕಾರ, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬರೀ ಕಲ್ನಾರಿನಿಂದ ಸುಮಾರು 5 ಪಟ್ಟು, ಬರೀ ಧೂಮಪಾನದಿಂದ 10 ಪಟ್ಟಿಗಿಂತ ತುಸು ಹೆಚ್ಚು, ಎರಡೂ ಸೇರಿದರೆ 50 ಪಟ್ಟಿನ ಮೇಲೆ.

ಹಾಗಾದರೆ ಶೀಟಿನ ಮಾಡಿನಡಿ ಮಲಗುವುದೇ ತಪ್ಪೇ ಎಂದು ನನ್ನ ಅಮ್ಮ ಕೇಳಿದಳು. ಗಟ್ಟಿಯಿರುವ, ಯಾರೂ ಮುಟ್ಟದ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಬಿಡುಗಡೆ ಮಾಡುವುದು ನಮ್ಮ ಕೈ. ಗ್ರೈಂಡರ್‌ನಲ್ಲಿ ಒಣಗೊಯ್ತ ಎಲ್ಲಕ್ಕಿಂತ ಕೆಟ್ಟದ್ದು. ಹುಕ್ಕಿಗೆ ತೂತು ಕೊರೆಯುವುದು, ಹಳೆ ಶೀಟನ್ನು ಸುತ್ತಿಗೆಯಲ್ಲಿ ಒಡೆದು ಕೆಳಗೆಸೆಯುವುದು, ಬಿದ್ದ ಪುಡಿಯನ್ನು ಕಸಬರಿಗೆಯಲ್ಲಿ ಗುಡಿಸುವುದು ಕೂಡ ಅದೇ ಸಾಲಿನವು. ನಮ್ಮ ಊರಿನದೇ ಒಂದಿದೆ: ಮಳೆಗೆ ಬೆಳೆದ ಪಾಚಿಯನ್ನು ಬೇಸಿಗೆಯಲ್ಲಿ ತಂತಿ ಬ್ರಷ್ಷಿನಿಂದ ತಿಕ್ಕುವುದು. ವರ್ಷಗಟ್ಟಲೆ ಮಳೆ ಹೊಡೆದು ಮೇಲ್ಪದರದ ಸಿಮೆಂಟ್ ಸವೆದಿರುತ್ತದೆ, ನಾರು ಹೊರಗೆ ಎದ್ದಿರುತ್ತದೆ. ಅದನ್ನೇ ನಾವು ಒಣಗಿಸಿ ಉಜ್ಜುತ್ತೇವೆ.

ಗುರುತು ಹಿಡಿಯುವ ವಿಷಯ ಬೇಗ ಮುಗಿಸುತ್ತೇನೆ. ಹೊಸ ಶೀಟಿನ ಮೇಲೆ ಐಎಸ್ (ಭಾರತೀಯ ಮಾನಕ) 459 ಎಂದಿದ್ದರೆ ಅದು ಕಲ್ನಾರಿನದು. ಐಎಸ್ 14871 ಬೇರೆ ನಾರು ಬಳಸಿದ ಸಿಮೆಂಟ್ ಶೀಟುಗಳ ಮಾನಕ. ಹಳೆಯ ಶೀಟಿನ ಅಚ್ಚು ಅಳಿಸಿರುತ್ತದೆ, ಕಣ್ಣಿಗೆ ಎರಡೂ ಒಂದೇ. ಕಲ್ನಾರು ಇದೆ ಎಂದೇ ಹಿಡಿದು ಕೆಲಸ ಮಾಡಿ.

ಬಿಚ್ಚುವಾಗ ಹುಕ್ಕು, ಬೋಲ್ಟು ಕಳಚಿ, ಇಡೀ ಶೀಟನ್ನೇ ಹಗ್ಗದಲ್ಲಿ ಇಳಿಸಬೇಕು. ಕೊಯ್ಯಲೇಬೇಕಾದರೆ ನೆಲದ ಮೇಲೆ, ನೀರು ಹನಿಸುತ್ತಾ, ಕೈಗರಗಸದಲ್ಲಿ. ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಬೇಕು. ಮುಖಕ್ಕೆ ಕಟ್ಟಿದ ಟವೆಲ್ಲು ಈ ಎಳೆಯನ್ನು ತಡೆಯದು. ಪಿ100 ಫಿಲ್ಟರಿನ (ಅತಿ ಸಣ್ಣ ದೂಳನ್ನೂ ಹೆಚ್ಚುಕಡಿಮೆ ಪೂರ್ತಿ ತಡೆಯುವಂಥದ್ದು), ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕು ಬೇಕು, ಗಡ್ಡವಿದ್ದರೆ ಅದರ ಅಂಚಿನಲ್ಲೂ ಸಂದು ಉಳಿಯುತ್ತದೆ. ಕೆಲಸದ ಅಂಗಿಯನ್ನು ಮನೆಯಲ್ಲಿ ಕೊಡವಬೇಡಿ. ಗಂಡನ ಬಟ್ಟೆ ಒಗೆದೇ ಮೀಸೊಥೀಲಿಯೋಮ ಬಂದ ಹೆಂಗಸರ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಇನ್ನೊಂದು ಅಪಾಯಕ್ಕೆ 20 ವರ್ಷ ಕಾಯಬೇಕಿಲ್ಲ: ಹಳೆ ಶೀಟು ಆಳಿನ ಭಾರ ತಾಳದು, ಕಾಲಿಟ್ಟಲ್ಲೇ ಮುರಿದು ಕೆಳಗೆ ಕೆಡವುತ್ತದೆ. ಹಲಗೆ ಹಾಸದೆ ಮೇಲೆ ನಡೆಯಬೇಡಿ. ಒಡೆದ ಚೂರುಗಳನ್ನು ಗದ್ದೆ ಬದುವಿಗೆ, ದಾರಿಯ ಹೊಂಡಕ್ಕೆ ತುಂಬುವುದನ್ನು ಎಲ್ಲ ಕಡೆ ನೋಡುತ್ತೇನೆ. ಅಲ್ಲಿ ಗಾಡಿ ಓಡಿದಷ್ಟೂ ಅವು ಪುಡಿಯಾಗುತ್ತವೆ.

ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ, ಕಲ್ನಾರು ಉದ್ದಿಮೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ನಂತರ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ಹೇಳಿತು. ರೋಗದ ನಿಧಾನವನ್ನು ಅರಿತು ಕೊಟ್ಟ ಆದೇಶ ಅದು. ಆದರೆ ಇಂದು ಅಂಕೋಲೆ, ನಾಳೆ ಕುಮಟೆ ಎಂದು ದಿನಗೂಲಿಗೆ ಹೋಗುವವನ ಹೆಸರು ಯಾವ ಪುಸ್ತಕದಲ್ಲಿರುತ್ತದೆ? 55ನೇ ವಯಸ್ಸಿನಲ್ಲಿ ಕೆಮ್ಮುತ್ತಾ ಆಸ್ಪತ್ರೆಗೆ ಹೋದಾಗ ಮೊದಲು ಟಿಬಿಯ ಅನುಮಾನ ಬರುತ್ತದೆ. ಏನು ಕೆಲಸ ಎಂದು ಕೇಳಿದರೆ ಈಗಿನ ಕೆಲಸ ಹೇಳುತ್ತಾನೆ, 30 ವರ್ಷದ ಹಿಂದಿನ ಗ್ರೈಂಡರ್ ಅವನಿಗೂ ನೆನಪಿರುವುದಿಲ್ಲ.

ಅದಕ್ಕೇ ತರಬೇತಿ ಡೈರಿಯ ಕೊನೆಯ ಪುಟಗಳನ್ನು ನಾನು ಇದಕ್ಕೆ ಮೀಸಲಿಟ್ಟಿದ್ದೇನೆ: ದಿನಾಂಕ, ಊರು, ಹಳೆ ಶೀಟೋ ಹೊಸದೋ, ಎಷ್ಟು, ಕೊಯ್ದೆವೋ ಬರೀ ಬಿಚ್ಚಿದೆವೋ, ಮಾಸ್ಕು ಇತ್ತೋ ಇಲ್ಲವೋ. ಕಳೆದ ಸಲ ನನ್ನ ಜೊತೆ ಮಾಡಿನ ಮೇಲಿದ್ದ ಇಬ್ಬರಿಗೆ ಬರೆಯಲು ಬಾರದು. ಅವರ ಹೆಸರನ್ನೂ ಅದೇ ಪುಟದಲ್ಲಿ ಬರೆದು, ಫೋಟೊ ತೆಗೆದು, ಅವರ ಮಕ್ಕಳ ಮೊಬೈಲಿಗೆ ಕಳಿಸಿದ್ದೇನೆ.