ಹದಿನೈದು ಕೆ.ಜಿ. ತಾಳುವ ದಾರದಲ್ಲಿ ನೂರು ಕೆ.ಜಿ. ಮೀನು ಹೇಗೆ ಬರುತ್ತದೆ?

ಪ್ರಶ್ನೆ: ನನ್ನ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ರಜೆಯಲ್ಲಿ ಗೆಳೆಯರೊಂದಿಗೆ ಬೋಟ್ ಬಾಡಿಗೆಗೆ ಹಿಡಿದು ಸಮುದ್ರದಲ್ಲಿ ದೊಡ್ಡ ಮೀನಿಗೆ ಗಾಳ ಹಾಕಲು ಹೋಗಿದ್ದನಂತೆ. ನೂರು ಕೆ.ಜಿ.ಗಿಂತ ಹೆಚ್ಚು ತೂಗುವ ಮಾರ್ಲಿನ್ ಮೀನನ್ನು ಹದಿನೈದು ಕೆ.ಜಿ. ತಾಳುವ ದಾರದಿಂದ ಬೋಟಿನ ಬಳಿಗೆ ತಂದೆವು ಎನ್ನುತ್ತಾನೆ. ಲೆಕ್ಕ ಹೊಂದುವುದಿಲ್ಲ. ದಾರ ಹರಿಯುವುದಿಲ್ಲವೇ? (ಬ್ಯಾಡಗಿಯ ಓದುಗರೊಬ್ಬರು)

ಉತ್ತರ: ನಿಮ್ಮ ಮಗ ಹೇಳಿದ್ದು ನಿಜವಿರಬಹುದು. ಈ ವಿಷಯ ಮಾತಿಗೆ ಬಂದಾಗಲೆಲ್ಲ ನಮ್ಮ ಕಡೆಯವರು ಮೊದಲು ಕೇಳುವ ಪ್ರಶ್ನೆಯೂ ಇದೇ. ಸಮುದ್ರದಿಂದ ದೂರವಿರುವ ಗದಗಿನಲ್ಲಿ ಹುಟ್ಟಿ ಬೆಳೆದ ನನಗೂ ಬಹಳ ದಿನ ಇದು ಬಗೆಹರಿದಿರಲಿಲ್ಲ. ಬಗೆಹರಿದದ್ದು ಒಂದು ಮೀನನ್ನು ಕಳೆದುಕೊಂಡ ಮೇಲೆ.

ದಾರ ಮೀನನ್ನು ಎತ್ತುತ್ತದೆ ಎಂದುಕೊಳ್ಳುವುದರಲ್ಲಿಯೇ ಲೆಕ್ಕ ತಪ್ಪುತ್ತದೆ. ಬಾವಿಯಿಂದ ನೀರು ಸೇದಿದವರಿಗೆ ಗೊತ್ತಿರುವಂತೆ, ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಅದರ ಭಾರ ಕೈಗೆ ತಿಳಿಯುವುದೇ ಇಲ್ಲ, ನೀರಿನ ಮೇಲೆ ಬಂದ ಕ್ಷಣ ಹಗ್ಗ ಬಿಗಿದು ರಾಟೆ ಕಿರುಗುಟ್ಟುತ್ತದೆ. ಮೀನಿನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಮತ್ತು ಮಾರ್ಲಿನ್‌ನಂಥ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವೂ ಇರುವುದರಿಂದ, ನೂರು ಕೆ.ಜಿ. ಮೀನು ಸಮುದ್ರದೊಳಗೆ ಇದ್ದಾಗ ದಾರದ ಮೇಲೆ ಬೀಳುವ ತೂಕ ತೀರಾ ಅಲ್ಪ. ದಾರಕ್ಕೆ ತಗಲುವುದು ಮೀನಿನ ಭಾರವಲ್ಲ, ಅದರ ಓಟ. ಓಟವನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಲು ಹೋದರೆ ಹದಿನೈದಲ್ಲ, ನಲವತ್ತು ಕೆ.ಜಿ. ತಾಳುವ ದಾರವೂ ಹರಿಯುತ್ತದೆ. ಹಾಗಾಗಿ ಅದನ್ನು ಯಾರೂ ನಿಲ್ಲಿಸುವುದಿಲ್ಲ. ಹಾವೇರಿಯ ಕಡೆ ದೀಪಾವಳಿಯಲ್ಲಿ ಹೋರಿ ಬೆದರಿಸುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಡುವ ಹೋರಿಯ ಎದುರಿಗೆ ನಿಂತು ಅದನ್ನು ತಡೆಯುತ್ತೇನೆ ಎನ್ನುವವನು ಬಹಳ ಹೊತ್ತು ನಿಲ್ಲುವುದಿಲ್ಲ.

ಓಡಲು ಬಿಡುವುದು, ಆದರೆ ಪುಕ್ಕಟೆಯಾಗಿ ಬಿಡದಿರುವುದು: ಗಾಳದ ಕೋಲಿಗೆ ಕೂರಿಸಿದ, ದಾರ ಸುತ್ತುವ ರೀಲಿನೊಳಗಿನ ಬ್ರೇಕಿನ ಕೆಲಸ ಇಷ್ಟೇ. ಇದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ದಾರ ಸುತ್ತಿಕೊಂಡಿರುವ ಸುರುಳಿಯ ಪಕ್ಕದಲ್ಲಿ ಒಂದರ ಮೇಲೊಂದು ಒತ್ತಿ ಕುಳಿತ ಬಿಲ್ಲೆಗಳಿರುತ್ತವೆ. ಎಳೆತ ಇಂತಿಷ್ಟು ಕೆ.ಜಿ. ದಾಟಿದ ಕೂಡಲೇ ಬಿಲ್ಲೆಗಳು ಜಾರಿ ಸುರುಳಿ ತಿರುಗುತ್ತದೆ, ದಾರ ಹೊರಗೆ ಹೋಗುತ್ತದೆ. ಮೀನು ಕಚ್ಚುವ ಹೊತ್ತಿಗೆ ಈ ಮಿತಿ ದಾರದ ತಾಳಿಕೆಯ ಸುಮಾರು ಮೂರನೆಯ ಒಂದು ಭಾಗದಷ್ಟು ಇರಬೇಕು ಎಂಬುದು ಬೋಟಿನವರ ರೂಢಿ. ಅಂದರೆ ಹದಿನೈದು ಕೆ.ಜಿ. ದಾರಕ್ಕೆ ಐದು ಕೆ.ಜಿ. ಉಳಿದ ಹತ್ತು ಕೆ.ಜಿ. ಎಲ್ಲಿ ಹೋಯಿತು ಎಂದು ನೀವು ಕೇಳುವಿರಿ. ಅದರ ಉತ್ತರ ನಮ್ಮ ಬೆಟಗೇರಿಯ ಮಗ್ಗಗಳಲ್ಲಿದೆ.

ಹಳೆಯ ಮಾದರಿಯ ವಿದ್ಯುತ್ ಮಗ್ಗದ ಹಿಂಬದಿಯಲ್ಲಿ ಹಾಸಿನ ಎಳೆಗಳನ್ನು ಸುತ್ತಿದ ಬೀಮ್ ಇರುತ್ತದೆ. ಅದು ತಾನಾಗಿ ಬಿಚ್ಚಿಕೊಳ್ಳಬಾರದು, ಹಾಗೆಂದು ಬಿಗಿದೂ ಕೂರಬಾರದು ಎಂದು ಬೀಮಿನ ಅಂಚಿಗೆ ಹಗ್ಗವನ್ನೋ ಸರಪಳಿಯನ್ನೋ ಸುತ್ತಿ, ಅದರ ತುದಿಯನ್ನು ಒಂದು ಸನ್ನೆಗೋಲಿಗೆ ಕಟ್ಟಿ, ಕೋಲಿನ ಮೇಲೆ ಎರಕದ ತೂಕ ತೂಗಹಾಕಿರುತ್ತಾರೆ. ಬಟ್ಟೆ ನೇಯ್ದಂತೆ ನೇಯ್ದಂತೆ ಬೀಮಿನ ಮೇಲಿನ ಸುತ್ತು ತೆಳ್ಳಗಾಗುತ್ತದೆ. ತೂಕವನ್ನು ಮೊದಲಿದ್ದಲ್ಲಿಯೇ ಬಿಟ್ಟರೆ ಎಳೆಗಳು ಬಿಗಿಯುತ್ತ ಹೋಗಿ ಹರಿಯತೊಡಗುತ್ತವೆ. ಆದುದರಿಂದ ನೇಕಾರರು ನಡುನಡುವೆ ಎದ್ದು ಹೋಗಿ ತೂಕವನ್ನು ಒಂದೊಂದು ಕಚ್ಚು ಒಳಕ್ಕೆ ಸರಿಸುತ್ತಾರೆ. ನಮ್ಮ ಓಣಿಯಲ್ಲಿ ಚಿಕ್ಕಂದಿನಿಂದ ಇದನ್ನು ನೋಡುತ್ತ ಬಂದಿದ್ದೆ. ಆದರೆ ನೋಡಿದ್ದು ನೆನಪಿಗೆ ಬರಬೇಕಾದ ಹೊತ್ತಿಗೆ ಬರಲಿಲ್ಲ.

ರೀಲಿನಲ್ಲಿ ನಡೆಯುವುದೂ ಅದೇ. ತುಂಬಿದ ಸುರುಳಿ 12 ಸೆಂ.ಮೀ. ಅಡ್ಡಳತೆ ಇದ್ದಾಗ ಐದು ಕೆ.ಜಿ. ಎಳೆತಕ್ಕೆ ಜಾರುವ ಬ್ರೇಕು, ಮೀನು ದಾರ ಎಳೆದುಕೊಂಡು ಹೋಗಿ ಸುರುಳಿ 6 ಸೆಂ.ಮೀ.ಗೆ ಇಳಿದಾಗ ಹತ್ತು ಕೆ.ಜಿ. ಎಳೆದರೆ ಮಾತ್ರ ಜಾರುತ್ತದೆ. ಬ್ರೇಕನ್ನು ಯಾರೂ ಮುಟ್ಟಿರುವುದಿಲ್ಲ; ಸುರುಳಿ ಸಣ್ಣದಾಗಿರುತ್ತದೆ, ಅಷ್ಟೆ. ಇದರ ಮೇಲೆ ನೀರಿನ ತಡೆ ಬೇರೆ ಸೇರುತ್ತದೆ. ಹದಿನೈದು ಕೆ.ಜಿ.ಯ ನೈಲಾನ್ ದಾರ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ದಪ್ಪ ಇರುತ್ತದೆ. ಅಂಥದ್ದು 400 ಮೀಟರ್ ನೀರಿನಲ್ಲಿದ್ದರೆ, ಅದರ ದಪ್ಪವನ್ನೂ ಉದ್ದವನ್ನೂ ಗುಣಿಸಿ ನೋಡಿದಾಗ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆಯಷ್ಟು ಜಾಗ ಆಗುತ್ತದೆ. ಮೀನು ದಿಕ್ಕು ಬದಲಿಸಿ ಅಡ್ಡ ಓಡಿದಾಗ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿ, ಆ ಹಲಗೆಯನ್ನು ಎದುರುಮುಖವಾಗಿ ನೀರಿನಲ್ಲಿ ಎಳೆದಂತೆ ಆಗುತ್ತದೆ. ಕೆರೆಯಲ್ಲಿ ಹಲಗೆಯೊಂದನ್ನು ಹಾಗೆ ಎಳೆದು ನೋಡಿದವರಿಗೆ ಎಷ್ಟು ಕಷ್ಟವೆಂದು ತಿಳಿದೀತು. ಮೊದಲಿನ ಐದು, ಸುರುಳಿ ಸಣ್ಣದಾದದ್ದರಿಂದ ಇನ್ನೈದು, ನೀರಿನ ತಡೆಯಿಂದ ಮತ್ತೊಂದಿಷ್ಟು: ಹದಿನೈದು ಮುಟ್ಟಲು ತಡವೇನೂ ಆಗುವುದಿಲ್ಲ. ಮೂರನೆಯ ಎರಡು ಭಾಗವನ್ನು ಕೈಯಲ್ಲಿ ಉಳಿಸಿಕೊಳ್ಳುವುದು ಇದಕ್ಕಾಗಿಯೇ. ಹೀಗಾಗಿ ಮೀನು ದೂರ ಹೋದಷ್ಟೂ ಬ್ರೇಕನ್ನು ಸಡಿಲಿಸಬೇಕು. ಮನಸ್ಸು ಮಾತ್ರ ಇದಕ್ಕೆ ತೀರ ವಿರುದ್ಧವಾದುದನ್ನೇ ಹೇಳುತ್ತದೆ.

ನನಗೂ ಹಾಗೆಯೇ ಹೇಳಿತು. ಅಕ್ಕನ ಮಗ ಬ್ರಿಸ್ಬೇನಿನಲ್ಲಿದ್ದಾನೆ. ಒಂದು ಜನವರಿಯಲ್ಲಿ ಅವನು ನನ್ನನ್ನು ಗೋಲ್ಡ್ ಕೋಸ್ಟಿನಿಂದ ಹೊರಡುವ ಬಾಡಿಗೆ ಬೋಟಿಗೆ ಕರೆದೊಯ್ದಿದ್ದ. ಉಪೋಷ್ಣವಲಯದ ಆ ಕರಾವಳಿಗೆ ಬೇಸಿಗೆಯಲ್ಲಿ ಉತ್ತರದಿಂದ ಬೆಚ್ಚಗಿನ ಪ್ರವಾಹ ಇಳಿದು ಬರುತ್ತದೆ, ಅದರೊಂದಿಗೆ ಎಳೆಯ ಕಪ್ಪು ಮಾರ್ಲಿನ್‌ಗಳೂ ಬರುತ್ತವೆ. ನಮ್ಮ ದಾರ ಹತ್ತು ಕೆ.ಜಿ.ಯದು, ಬ್ರೇಕು ಮೂರು ಕೆ.ಜಿ.ಗೆ ಕೂರಿಸಿದ್ದು. ಕಚ್ಚಿದ ಮೀನು ಇಪ್ಪತ್ತು ಕೆ.ಜಿ. ಇದ್ದೀತು, ಅಂದರೆ ಆ ಜಾತಿಯಲ್ಲಿ ಕೂಸು. ರೀಲು ಕೂಗಿಕೊಳ್ಳತೊಡಗಿತು, ನೋಡನೋಡುತ್ತಿದ್ದಂತೆ ಸುರುಳಿ ಅರ್ಧಕ್ಕೆ ಇಳಿಯಿತು. ಎಲ್ಲ ದಾರವೂ ಹೋಗಿಬಿಡುತ್ತದೆ ಎಂಬ ಗಾಬರಿಯಲ್ಲಿ ನಾನು ಹೆಬ್ಬೆರಳನ್ನು ಸುರುಳಿಯ ಮೇಲೆ ಒತ್ತಿದೆ. “ಮಾಮಾ, ಬಿಡ್ರಿ, ಹೋಗಲಿ ಬಿಡ್ರಿ ಅದು!” ಎಂದು ಅವನು ಕೂಗುವುದಕ್ಕೂ ಪಟ್ಟನೆ ಸದ್ದಾಗಿ ಕೋಲು ನೆಟ್ಟಗಾಗುವುದಕ್ಕೂ ಸರಿಹೋಯಿತು. ಹೆಬ್ಬೆರಳಿನ ಚರ್ಮ ಸುಟ್ಟು ಬೆಳ್ಳಗಾಗಿತ್ತು. ಕ್ಯಾಪ್ಟನ್ ಬೈಯಲಿಲ್ಲ. ಒಂದು ಸ್ಪ್ರಿಂಗ್ ಕಾಟಾ ತಂದು, ಅದರ ಕೊಕ್ಕೆಗೆ ದಾರದ ತುದಿ ಕಟ್ಟಿ, ಮೊದಲು ತುಂಬಿದ ಸುರುಳಿಯಲ್ಲಿ, ಆಮೇಲೆ ಅರ್ಧ ಬಿಚ್ಚಿದ ಸುರುಳಿಯಲ್ಲಿ ಎಳೆದು ಮುಳ್ಳು ಎಲ್ಲಿಗೆ ಏರುತ್ತದೆ ಎಂದು ತೋರಿಸಿದ. ಆಗ ನನಗೆ ಬೆಟಗೇರಿಯ ಬೀಮ್ ನೆನಪಾಯಿತು.

ಐದು ಕೆ.ಜಿ. ಎಂದರೆ ಕಡಿಮೆ ಎನಿಸುತ್ತದೆ. ಆದರೆ ಆ ಐದು ಕೆ.ಜಿ. ಎಳೆತದ ವಿರುದ್ಧ ಮೀನು 400 ಮೀಟರ್ ಓಡಿತೆಂದರೆ, ಅದು ಮಾಡಿದ ಕೆಲಸ ನಿಮ್ಮ ಊರಿನ ಮಾರುಕಟ್ಟೆಯ 50 ಕೆ.ಜಿ. ಮೆಣಸಿನಕಾಯಿ ಚೀಲವನ್ನು 40 ಮೀಟರ್ ಎತ್ತರಕ್ಕೆ ಹೊತ್ತೊಯ್ದುದಕ್ಕೆ ಸಮ. ಅಂಥ ಓಟವನ್ನು ಅದು ಒಂದಲ್ಲ, ನಾಲ್ಕಾರು ಸಲ ಓಡುತ್ತದೆ. ಇಂಥ ರಭಸದ ಓಟಕ್ಕೆ ಬಳಕೆಯಾಗುವ ಬಿಳಿ ಸ್ನಾಯುಗಳು ಬೇಗ ದಣಿಯುತ್ತವೆ. ಅವುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ, ಚೇತರಿಸಿಕೊಳ್ಳಲು ಗಂಟೆಗಟ್ಟಲೆ ಬೇಕು. ಮೀನು ಉಸಿರಾಡಲು ನಿಂತ ಹೊತ್ತಿನಲ್ಲಿ ಕೋಲು ಹಿಡಿದವನು ಕೋಲನ್ನು ಮೆಲ್ಲಗೆ ಮೇಲೆತ್ತಿ, ಇಳಿಸುತ್ತ ಇಳಿಸುತ್ತ ಸಡಿಲಾದ ದಾರವನ್ನು ಸುತ್ತಿಕೊಳ್ಳುತ್ತಾನೆ. ರೀಲು ಎಳೆಯುವ ಯಂತ್ರವಲ್ಲ, ಗಳಿಸಿದ್ದನ್ನು ಸುತ್ತಿಡುವ ಯಂತ್ರ. ಹೀಗೆ ಗೇಣು ಗೇಣಾಗಿ ಗಳಿಸಿದ್ದನ್ನು ಮೀನು ಮತ್ತೊಂದು ಓಟದಲ್ಲಿ ಒಯ್ಯುತ್ತದೆ, ಮತ್ತೆ ಮೊದಲಿನಿಂದ ಶುರು.

ಇಲ್ಲಿ ಇನ್ನೊಬ್ಬನ ಪಾಲನ್ನು ಮರೆಯಬಾರದು. ಮೀನು ಹಿಡಿದವನ ಫೋಟೋ ಗೋಡೆ ಏರುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಕ್ಯಾಪ್ಟನ್‌ನದು. ಮೀನು ಓಡಿದತ್ತ ಬೋಟನ್ನು ಹಿಮ್ಮುಖವಾಗಿ ನಡೆಸಿ ನೀರಿನಲ್ಲಿರುವ ದಾರದ ಉದ್ದವನ್ನು ಕಡಿಮೆ ಮಾಡುವುದು, ದಾರ ಬೋಟಿನ ತಳಕ್ಕೆ ಉಜ್ಜದಂತೆ ತಿರುಗಿಸುವುದು ಅವನ ಕೈಯಲ್ಲಿದೆ. ಅರವತ್ತು ಕೆ.ಜಿ. ದಾರ ಬಳಸುವಾಗ ಬ್ರೇಕು ಇಪ್ಪತ್ತು ಕೆ.ಜಿ. ಇರುತ್ತದೆ, ಅಷ್ಟನ್ನು ನಿಂತು ಹಿಡಿಯುವುದು ಕಷ್ಟವಾದ್ದರಿಂದ ಬೋಟಿಗೆ ಬೋಲ್ಟ್ ಹಾಕಿ ಕೂರಿಸಿದ ಕುರ್ಚಿಯೂ ಸೊಂಟದ ಪಟ್ಟಿಯೂ ಬೇಕಾಗುತ್ತವೆ.

ದಾರ ಹರಿಯುವುದು ಹೆಚ್ಚಾಗಿ ದೂರದಲ್ಲಲ್ಲ, ಬೋಟಿನ ಪಕ್ಕದಲ್ಲಿ. ನೈಲಾನ್ ಹಿಗ್ಗುವ ಗುಣವುಳ್ಳದ್ದು. ನೂರಾರು ಮೀಟರ್ ಹೊರಗಿದ್ದಾಗ ಅದು ರಬ್ಬರಿನಂತೆ ಹೊಡೆತವನ್ನು ನುಂಗಿಕೊಳ್ಳುತ್ತದೆ, ಹತ್ತು ಮೀಟರ್ ಉಳಿದಾಗ ನುಂಗಲು ಜಾಗವಿರುವುದಿಲ್ಲ. ಆದ ಕಾರಣ ಗಾಳದ ಬದಿಯ ಕೊನೆಯ ಕೆಲವು ಮೀಟರಿಗೆ ಬಹಳ ದಪ್ಪದ ಲೀಡರ್ ದಾರ ಕಟ್ಟಿರುತ್ತಾರೆ. ಮಾರ್ಲಿನ್‌ನ ಒರಟು ಮೂತಿ ಉಜ್ಜಿದರೂ ಅದು ತಾಳಬೇಕು. ಸ್ಪರ್ಧೆಯ ನಿಯಮದಲ್ಲಿ ಹತ್ತು ಕೆ.ಜಿ.ಗಿಂತ ಮೇಲಿನ ದಾರಗಳಿಗೆ ಈ ಲೀಡರ್ 9.14 ಮೀಟರ್ ಮೀರುವಂತಿಲ್ಲ. ಲೀಡರ್ ಕೈಗೆ ಸಿಕ್ಕ ಮೇಲೆ ಕೈಗವಸು ತೊಟ್ಟ ಸಹಾಯಕ ಅದನ್ನು ಹಿಡಿದು ಮೀನನ್ನು ಪಕ್ಕಕ್ಕೆ ತರುತ್ತಾನೆ. ಹೀಗಾಗಿ ನಿಮ್ಮ ಮಗನ ಹದಿನೈದು ಕೆ.ಜಿ. ದಾರ ಆ ಮೀನನ್ನು ನೀರಿನಿಂದ ಮೇಲೆ ಎತ್ತಿರುವ ಸಾಧ್ಯತೆ ಇಲ್ಲ. ಈಗ ಹೆಚ್ಚಿನವರು ಮಾರ್ಲಿನ್‌ಗೆ ಗುರುತಿನ ಚೀಟಿ ಚುಚ್ಚಿ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ನಡೆಸುವ ಅಂಥ ಗುರುತಿಸುವ ಕಾರ್ಯಕ್ರಮ 1973ರಿಂದ ಇದೆ.

ರೀಲಿನೊಳಗೆ ಬ್ರೇಕು ಬರುವ ಮೊದಲು ಈ ಆಟ ಹೇಗಿತ್ತೆಂದರೆ, ಮೀನು ಓಡಿದಾಗ ರೀಲಿನ ಹಿಡಿಕೆಯೂ ಹಿಮ್ಮುಖವಾಗಿ ಗಿರಗಿರನೆ ತಿರುಗಿ ಬೆರಳಿನ ಗೆಣ್ಣುಗಳನ್ನು ಮುರಿಯುತ್ತಿತ್ತು. ಬ್ರೇಕಿನ ಬದಲು ಸುರುಳಿಯ ಮೇಲೆ ಒತ್ತಲು ಒಂದು ತೊಗಲಿನ ತುಂಡು ಇರುತ್ತಿತ್ತು. ಕ್ಯಾಲಿಫೋರ್ನಿಯಾದ ಕ್ಯಾಟಲಿನಾ ದ್ವೀಪದ ಬಳಿ 1898ರಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬಾತ 183 ಪೌಂಡಿನ ಟ್ಯೂನಾವನ್ನು ಕೋಲು ಮತ್ತು ರೀಲಿನಿಂದ ಹಿಡಿದದ್ದು ಅಂಥ ಸಲಕರಣೆಯಿಂದಲೇ. 1939ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಗೇಮ್ ಫಿಶ್ ಸಂಘವು ದಾರಗಳನ್ನು 1 ಕೆ.ಜಿ.ಯಿಂದ 60 ಕೆ.ಜಿ.ವರೆಗೆ ವರ್ಗಗಳಾಗಿ ವಿಂಗಡಿಸಿ, ಒಂದೊಂದು ವರ್ಗಕ್ಕೂ ಬೇರೆ ಬೇರೆ ದಾಖಲೆ ಇಟ್ಟಿದೆ. ದಾರವನ್ನು ಒದ್ದೆ ಮಾಡಿ ಪರೀಕ್ಷಿಸುತ್ತಾರೆ; ನೈಲಾನ್ ನೀರು ಹೀರಿದಾಗ ಬಲ ಕಳೆದುಕೊಳ್ಳುತ್ತದೆ. ಕಪ್ಪು ಮಾರ್ಲಿನ್‌ನ ಸರ್ವಕಾಲಿಕ ದಾಖಲೆ ಆಲ್ಫ್ರೆಡ್ ಗ್ಲಾಸೆಲ್ ಅವರದು: 1953ರ ಆಗಸ್ಟ್ 4ರಂದು ಪೆರು ದೇಶದ ಕಾಬೊ ಬ್ಲಾಂಕೊದಲ್ಲಿ 1,560 ಪೌಂಡ್, ಅಂದರೆ 707 ಕೆ.ಜಿ.ಗೂ ಹೆಚ್ಚು. ಅದು ಇನ್ನೂ ಮುರಿದಿಲ್ಲ.

ಈ ವರ್ಗಗಳಿಂದ ಒಂದು ಚಟ ಹುಟ್ಟಿದೆ. ಆದಷ್ಟು ತೆಳು ದಾರದಲ್ಲಿ ಆದಷ್ಟು ದೊಡ್ಡ ಮೀನು ಹಿಡಿದೆ ಎಂದು ಹೇಳಿಕೊಳ್ಳುವುದು. ನನಗೆ ಇದು ಸರಿಕಾಣುವುದಿಲ್ಲ. ದಾರ ತೆಳುವಾದಷ್ಟೂ ಹೋರಾಟ ಉದ್ದವಾಗುತ್ತದೆ, ಮೀನು ಅಷ್ಟೂ ದಣಿಯುತ್ತದೆ, ಬಿಟ್ಟ ಮೇಲೆ ಬದುಕುಳಿಯುವ ಸಂಭವ ಕಡಿಮೆಯಾಗುತ್ತದೆ. ಗ್ರೇಟ್ ಬ್ಯಾರಿಯರ್ ರೀಫಿನ ಹೊರ ಅಂಚಿನಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ದೊಡ್ಡ ಹೆಣ್ಣು ಮಾರ್ಲಿನ್‌ಗಳಿಗೆ ಗಾಳ ಹಾಕುವವರು ಅರವತ್ತು ಕೆ.ಜಿ. ದಾರ ಬಳಸುವುದೇ ವಿವೇಕ. ನಿಮ್ಮ ಮಗನಿಗೂ ಮುಂದಿನ ಸಲ ಇಪ್ಪತ್ನಾಲ್ಕು ಕೆ.ಜಿ. ದಾರ ತೆಗೆದುಕೊಳ್ಳಲು ಹೇಳಿ.

ಇದೇ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದ ಕೆಲವರು ಬೇರೆ ಕಾರಣಕ್ಕೆ ಕೇಳುತ್ತಾರೆ: ಕಾರವಾರಕ್ಕೋ ಗೋವಾಕ್ಕೋ ಹೋಗಿ ಬೋಟ್ ಗೊತ್ತು ಮಾಡಿಕೊಳ್ಳುವ ಆಸೆ ಅವರಿಗೆ. ಅದು ಉಷ್ಣವಲಯದ ಸಮುದ್ರ. ದಡದಿಂದ ತುಸು ದೂರದಲ್ಲಿ ಗಾಳಕ್ಕೆ ಬೀಳುವುದು ಇಸ್ವಾಣ, ಬಾರಾಕುಡಾ, ಸಣ್ಣ ಜಾತಿಯ ಟ್ಯೂನಾಗಳು, ನೂರು ಕೆ.ಜಿ. ಮಾರ್ಲಿನ್ ಆಸೆ ಇಟ್ಟುಕೊಳ್ಳುವುದು ಬೇಡ. ಇಸ್ವಾಣದ ಹಲ್ಲು ನೈಲಾನನ್ನು ಕತ್ತರಿಸಿ ಹಾಕುತ್ತದೆ, ಅದಕ್ಕೆ ಲೀಡರ್ ತಂತಿಯದೇ ಆಗಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮಳೆಗಾಲದ ಕಡಲೂ ಹೋಗುವಂಥದ್ದಲ್ಲ. ಜೀವರಕ್ಷಕ ಜಾಕೆಟ್ ಎಲ್ಲರಿಗೂ ಇದೆಯೇ ಎಂದು ದಡದಲ್ಲಿಯೇ ಎಣಿಸಿಕೊಳ್ಳಿ.

ದಾರವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗಾಳ ಕಟ್ಟುವ ಗಂಟನ್ನೇ ಹಾಕಿ, ದಾರವನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, ಅದಕ್ಕೆ ಬಕೀಟು ತೂಗುಹಾಕಿ ಲೀಟರ್ ಲೀಟರಾಗಿ ನೀರು ಸುರಿಯುತ್ತ ಹೋಗಿ. ಲೀಟರ್ ಒಂದಕ್ಕೆ ಒಂದು ಕೆ.ಜಿ., ಬಕೀಟಿನ ತೂಕ ಬೇರೆ. ಗಂಟು ಸರಿಯಿಲ್ಲದಿದ್ದರೆ ಡಬ್ಬಿಯ ಮೇಲೆ ಅಚ್ಚಾದ ಅಂಕಿ ಮುಟ್ಟುವ ಎಷ್ಟೋ ಮೊದಲೇ ಅದು ಹರಿಯುತ್ತದೆ, ಹರಿಯುವುದೂ ಗಂಟಿನ ಬುಡದಲ್ಲಿ. ಬೋಟಿನವರ ಬಳಿ ಸ್ಪ್ರಿಂಗ್ ಕಾಟಾ ಇರದಿದ್ದರೆ ಬ್ರೇಕನ್ನು ಕೈ ಅಂದಾಜಿನಲ್ಲಿ ಕೂರಿಸುತ್ತಾರೆ. ಹತ್ತು ಕೆ.ಜಿ.ವರೆಗೆ ತೂಗುವ ಒಂದು ಕಾಟಾವನ್ನು ನೀವೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಬೋಟು ಧಕ್ಕೆ ಬಿಡುವ ಮೊದಲು ದಾರ ಕಟ್ಟಿ ಎಳೆದು ನೋಡಿಕೊಳ್ಳಿ.