ಹಲಗೆ ಕುಡಿಯುವ ನೀರು

ನಾನು ಮೊದಲು ಮಾಡಿದ ಮೇಜು ಒಂದು ರಾತ್ರಿ ಠಪ್ ಅಂತ ಸದ್ದು ಮಾಡಿತು. ಏನೋ ಬಿದ್ದಿರಬೇಕು ಅಂದುಕೊಂಡು ಮಗ್ಗುಲು ಬದಲಿಸಿದೆ. ಬೆಳಿಗ್ಗೆ ನೋಡಿದರೆ ಮೇಲಿನ ಹಲಗೆ ಈ ತುದಿಯಿಂದ ಆ ತುದಿಯವರೆಗೆ ಸೀಳಿತ್ತು. ಅದರ ಮೇಲೆ ಭಾರ ಇಟ್ಟಿರಲಿಲ್ಲ, ಯಾರೂ ಹತ್ತಿ ಕೂತಿರಲಿಲ್ಲ. ಮಳೆಗಾಲದಲ್ಲಿ ಮಾಡಿದ ಮೇಜು ಅದು. ಗಟ್ಟಿಯಾಗಿರಲಿ ಅಂತ ಹಲಗೆಯ ಅಡಿಗೆ ಅಡ್ಡಪಟ್ಟಿ ಕೊಟ್ಟು, ಅಂಟು ಬಳಿದು, ಎಂಟು ಸ್ಕ್ರೂ ಬಿಗಿದಿದ್ದೆ. ಹಲಗೆಯನ್ನು ಸೀಳಿದ್ದು ಆ ಎಂಟು ಸ್ಕ್ರೂಗಳೇ ಎಂದು ಗೊತ್ತಾಗಲು ಬಹಳ ದಿನ ಬೇಕಾಯಿತು.

ಮರ ಕಡಿದ ಮೇಲೂ ಉಸಿರಾಡುತ್ತದೆ ಎನ್ನುವ ಮಾತು ಕೇಳಿರುತ್ತೀರಿ. ಉಸಿರಾಟ ಏನೂ ಇಲ್ಲ. ಅದು ಮಾಡುವುದು ನೀರು ಕುಡಿಯುವ ಕೆಲಸ. ಬೇರಿನಿಂದ ಎಲೆಗೆ ನೀರು ಸಾಗಿಸಲು ಮರ ಕಟ್ಟಿಕೊಂಡ ಕೊಳವೆಗಳ ಕಂತೆಯೇ ನಮ್ಮ ಕೈಗೆ ಹಲಗೆಯಾಗಿ ಬರುತ್ತದೆ. ಪೈನ್‌ನಂಥ ಮೆದುಮರದಲ್ಲಿ ಒಂದೊಂದು ಕೊಳವೆ ಸುಮಾರು 3 ಮಿ.ಮೀ. ಉದ್ದ, ಅಗಲ ಅದರ ನೂರನೇ ಒಂದು ಪಾಲು. ಹತ್ತರಲ್ಲಿ ಒಂಬತ್ತು ಕೊಳವೆ ಕಾಂಡದ ಉದ್ದಕ್ಕೇ ನಿಂತಿರುತ್ತವೆ. ಕೊಳವೆಯ ಗೋಡೆಗೆ ಬಲ ಕೊಡುವುದು ಸೆಲ್ಯುಲೋಸ್ ಎಳೆ. ಎಳೆಗಳನ್ನು ಹಿಡಿದಿಡುವ ಅಂಟು ಲಿಗ್ನಿನ್.

ಹಸಿ ಮರ ಒಣಗುವಾಗ ಮೊದಲು ಕೊಳವೆಯೊಳಗೆ ನಿಂತ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗುವುದಿಲ್ಲ. ತೇವಾಂಶ ಹೆಚ್ಚುಕಡಿಮೆ 30 ಶೇಕಡಕ್ಕೆ ಇಳಿದ ಮೇಲೆ ಆಟ ಶುರುವಾಗುತ್ತದೆ. ಅಲ್ಲಿಂದ ಮುಂದೆ ಹೋಗುವುದು ಗೋಡೆಯೊಳಗೆ, ಎಳೆ ಎಳೆಯ ನಡುವೆ ಕೂತ ನೀರು. ಅದು ಹೋದಂತೆ ಎಳೆಗಳು ಹತ್ತಿರ ಸರಿಯುತ್ತವೆ, ಹಲಗೆ ಕುಗ್ಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಮತ್ತೆ ಹೀರಿ ಹಿಗ್ಗುತ್ತದೆ. ನೂರು ವರ್ಷ ಹಳೆಯ ಬಾಗಿಲೂ ಮಳೆಗಾಲದಲ್ಲಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇದಕ್ಕೇ.

ಈ ಕುಗ್ಗಾಟ ಎಲ್ಲ ದಿಕ್ಕಿಗೂ ಒಂದೇ ಸಮ ಇದ್ದಿದ್ದರೆ ಬಡಗಿಯ ಬದುಕು ಹಗುರವಾಗಿರುತ್ತಿತ್ತು. ಉದ್ದಕ್ಕೆ ಹಲಗೆ ಕುಗ್ಗುವುದೇ ಇಲ್ಲ ಅನ್ನಬಹುದು. ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಲೆಕ್ಕ ಹಾಕಿದರೂ 0.1ರಿಂದ 0.2 ಶೇಕಡ. ಅಡ್ಡಕ್ಕೆ ಹಾಗಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ವರ್ಷದ ಉಂಗುರ ಹಿಡಿದು ಸುತ್ತ ಕುಗ್ಗುವುದು ಸಾಮಾನ್ಯವಾಗಿ ಎರಡು ಪಟ್ಟು. ನನ್ನ ಮೇಜಿನ ಹಲಗೆ 45 ಸೆಂ.ಮೀ. ಅಗಲ. ಮಳೆಗಾಲದಿಂದ ಬೇಸಿಗೆಗೆ ತೇವಾಂಶ ಆರು ಶೇಕಡ ಇಳಿದರೆ, ಮರದ ಜಾತಿ ನೋಡಿಕೊಂಡು, 5ರಿಂದ 7 ಮಿ.ಮೀ. ಕುಗ್ಗಬೇಕು. ಅಡಿಯ ಪಟ್ಟಿಯ ಉದ್ದ ಮಾತ್ರ ಇದ್ದಷ್ಟೇ ಇರುತ್ತದೆ. ಹಲಗೆ ಒಳಗೆ ಸರಿಯಲು ನೋಡಿತು, ಸ್ಕ್ರೂ ಬಿಡಲಿಲ್ಲ. ಕೊಳವೆ ಕೊಳವೆಯ ನಡುವಿನ ಹಿಡಿತ ಮರದ ಅತಿ ಬಡವಾದ ಜಾಗ. ಉದ್ದಕ್ಕೆ ಎಳೆದರೆ ತಾಳುವ ಬಲದ ಹತ್ತನೇ ಒಂದು ಪಾಲೂ ಅಲ್ಲಿರುವುದಿಲ್ಲ. ಬಿರುಕು ಬಿಟ್ಟಿದ್ದು ಅಲ್ಲೇ.

ಇದು ತಲೆಗೆ ಹೋದ ಮೇಲೆ ಉಪಕರಣಗಳೂ ಬೇರೆ ತರ ಕಾಣತೊಡಗಿದವು. ಗರಗಸವನ್ನೇ ತೆಗೆದುಕೊಳ್ಳಿ. ಎಳೆಯ ಉದ್ದಕ್ಕೆ ಕೊಯ್ಯುವ ಗರಗಸದ ಹಲ್ಲು ಪುಟ್ಟ ಉಳಿಯ ಹಾಗೆ ಚಪ್ಪಟೆ. ಕೊಳವೆಯ ತುದಿಯನ್ನು ಚೂರು ಚೂರೇ ಕೆತ್ತಿ ಎತ್ತುತ್ತದೆ. ಅಡ್ಡ ಕೊಯ್ಯುವ ಹಲ್ಲು ಚೂರಿಯ ತುದಿಯ ಹಾಗೆ ಚೂಪು. ಅದು ಎರಡೂ ಬದಿ ಎಳೆಯನ್ನು ಮೊದಲು ಕತ್ತರಿಸಿಕೊಳ್ಳುತ್ತದೆ. ಆಮೇಲೆ ನಡುವಿನದ್ದು ತಾನಾಗಿ ಪುಡಿಯಾಗಿ ಬೀಳುತ್ತದೆ. ಒಂದರ ಕೆಲಸ ಇನ್ನೊಂದಕ್ಕೆ ಕೊಟ್ಟರೆ ಬೆವರು ಸುರಿಯುತ್ತದೆ, ಅಂಚು ಕಿತ್ತುಬರುತ್ತದೆ. ಜಪಾನಿನ ಗರಗಸ ಎಳೆದಾಗ ಕೊಯ್ಯುತ್ತದೆ. ಎಳೆಯುವಾಗ ತಗಡು ಬಿಗಿಯಾಗುತ್ತದೆಯೇ ಹೊರತು ಬಾಗುವುದಿಲ್ಲ, ಅದಕ್ಕೇ ಅದನ್ನು ಅಷ್ಟು ತೆಳ್ಳಗೆ ಮಾಡಲು ಸಾಧ್ಯ. ತಳ್ಳುವ ಗರಗಸಕ್ಕೆ ಬಾಗದಿರಲು ದಪ್ಪ ಬೇಕು, ಇಲ್ಲವೇ ಬೆನ್ನಿಗೆ ಪಟ್ಟಿ ಬೇಕು. ಯಾವುದು ಮೇಲು ಅಂತ ಜಗಳ ಆಡುವವರಿದ್ದಾರೆ. ನನಗೆ ಅದು ಸುಮ್ನೆ ಹೊತ್ತು ಕಳೆಯುವ ಜಗಳ.

ಹಲಗೆಯ ಮೈ ಕೀಸಿ ನುಣುಪು ಮಾಡುವ ಉಜ್ಜುಗೊರಡಿನ ಕಥೆ ಮಾತ್ರ ಸ್ವಲ್ಪ ನಿಂತು ನೋಡಬೇಕಾದ್ದು. ಕೆಲವರು ಕೀಸುಳಿ ಅನ್ನುತ್ತಾರೆ, ಕೆಲವರು ತೋಪಡ ಅನ್ನುತ್ತಾರೆ. ಸಾಮಾನ್ಯವಾಗಿ ಅದರ ಅಲಗು 45 ಡಿಗ್ರಿ ಓರೆಯಲ್ಲಿ ಕೂತಿರುತ್ತದೆ. ಅಲಗು ಮರವನ್ನು ನುಣ್ಣಗೆ ಕತ್ತರಿಸುತ್ತಾ ಹೋಗುತ್ತದೆ ಅಂತ ನಮಗನಿಸುತ್ತದೆ. ನಿಜದಲ್ಲಿ ಅದು ಬೆಣೆಯ ಹಾಗೆ ಎಳೆಗಳನ್ನು ಎತ್ತುತ್ತದೆ, ಸಣ್ಣ ಸೀಳೊಂದು ಅಲಗಿನ ಮುಂದೆ ಮುಂದೆ ಓಡುತ್ತದೆ. ಸೀಳು ಎಳೆಯ ದಾರಿಯನ್ನೇ ಹಿಡಿಯುತ್ತದೆ. ಎಳೆಗಳು ಮೇಲ್ಮುಖವಾಗಿದ್ದರೆ ಸೀಳು ಮೇಲೆ ಬಂದು ಮುಗಿಯುತ್ತದೆ, ಹಲಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಎಳೆಗಳು ಒಳಮುಖವಾಗಿದ್ದರೆ ಸೀಳು ಹಲಗೆಯೊಳಗೆ ಧುಮುಕುತ್ತದೆ, ಚಕ್ಕೆ ಕಿತ್ತು ಗುಳಿ ಬೀಳುತ್ತದೆ. ಅದಕ್ಕೇ ಹಳಬರು ಹಲಗೆಯ ಪಕ್ಕದ ಅಂಚು ನೋಡಿಯೇ ಗೊರಡು ಕೈಗೆತ್ತಿಕೊಳ್ಳುತ್ತಾರೆ. ಗಂಟಿನ ಸುತ್ತ ಎಳೆ ಎರಡೂ ಕಡೆ ತಿರುಗಿರುತ್ತದೆ. ಅಲ್ಲಿ ಯಾವ ದಿಕ್ಕಿನಿಂದ ಹೋದರೂ ಕಷ್ಟವೇ.

ಅಲಗಿನ ಬೆನ್ನಿಗೆ ಇನ್ನೊಂದು ಕಬ್ಬಿಣದ ಪಟ್ಟಿ ಇರುತ್ತದಲ್ಲ, ಅದು ಯಾಕೆಂದು ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ಅಲಗು ಅಲುಗಾಡದಿರಲಿ ಅಂತ ಇರಬೇಕು ಅಂದುಕೊಂಡಿದ್ದೆ. ಜಪಾನಿನ ಯಾಮಗತ ವಿಶ್ವವಿದ್ಯಾಲಯದ ಕವಾಯ್ ಮತ್ತು ಕಾಟೊ ಎಂಬ ಇಬ್ಬರು ಅಲಗಿನ ತುದಿಯನ್ನು ಬಹಳ ಹತ್ತಿರದಿಂದ ಚಿತ್ರೀಕರಿಸಿ ತೋರಿಸಿದ್ದಾರೆ. ಆ ಪಟ್ಟಿಯನ್ನು ಅಲಗಿನ ಬಾಯಿಗೆ ಕೂದಲೆಳೆಯಷ್ಟು ಹತ್ತಿರ, ಅಂದರೆ 0.1 ಮಿ.ಮೀ. ಆಸುಪಾಸು, ತಂದಿಟ್ಟರೆ ಮೇಲೇಳುವ ಸುರುಳಿ ತಕ್ಷಣ ಪಟ್ಟಿಗೆ ಬಡಿದು ಮಡಚಿಕೊಳ್ಳುತ್ತದೆ. ಸುರುಳಿಗೆ ಎತ್ತಿ ಸೀಳುವ ಬಲ ಉಳಿಯುವುದಿಲ್ಲ, ಸೀಳು ಮುಂದೆ ಓಡುವುದಿಲ್ಲ. ಎಳೆಗೆ ಎದುರಾಗಿ ಹೊಡೆದರೂ ಮೈ ನುಣುಪು. ಪಟ್ಟಿ 1 ಮಿ.ಮೀ. ಹಿಂದೆ ಸರಿದರೆ ಇದ್ದರೂ ಒಂದೇ, ಬಿಟ್ಟರೂ ಒಂದೇ. ನಾನು ಅಷ್ಟು ವರ್ಷ ಅದನ್ನು 2 ಮಿ.ಮೀ. ಹಿಂದಿಟ್ಟು ಹಲಗೆಯನ್ನು ಬೈದುಕೊಂಡಿದ್ದೆ.

ಇದೆಲ್ಲ ಅಲಗು ಹರಿತವಾಗಿದ್ದರೆ ಮಾತ್ರ. ಹರಿತ ಅಂದರೆ ಎರಡು ಸಮತಟ್ಟು ಮೈಗಳು ಒಂದು ಗೆರೆಯಲ್ಲಿ ಸೇರುವುದು, ಅಷ್ಟೇ. ಓರೆಯ ಮೈಯನ್ನು ಎಷ್ಟೇ ಸಾಣೆ ಹಿಡಿದರೂ ಬೆನ್ನಿನ ಮೈ ಒರಟಾಗಿದ್ದರೆ ಆ ಗೆರೆ ಹುಟ್ಟುವುದೇ ಇಲ್ಲ. ಹೊಸ ಉಳಿ ತಂದವರು ಮೊದಲು ಅದರ ಬೆನ್ನನ್ನು ಕಲ್ಲಿನ ಮೇಲೆ ಮಟ್ಟ ಮಾಡುವುದು ಇದಕ್ಕೆ. ಓರೆ 25 ಡಿಗ್ರಿ, ತುದಿಯಲ್ಲಿ ಕೂದಲಷ್ಟು ಅಗಲ 30 ಡಿಗ್ರಿ. ಹರಿತ ಪರೀಕ್ಷಿಸಲು ಗಟ್ಟಿಮರ ಹುಡುಕಬೇಡಿ, ಪೈನ್‌ನಂಥ ಮೆದುಮರದ ಕೊಯ್ದ ತುದಿಯನ್ನು ಕೆತ್ತಿ ನೋಡಿ. ಮೊಂಡು ಉಳಿ ಗಟ್ಟಿಮರದಲ್ಲಿ ಹೇಗೋ ಕತ್ತರಿಸಿಬಿಡುತ್ತದೆ. ಮೆದು ಕೊಳವೆಗಳನ್ನು ಮಾತ್ರ ಕತ್ತರಿಸಲಾರದೆ ಅಪ್ಪಚ್ಚಿ ಮಾಡುತ್ತದೆ. ಮೆದುಮರ ಸುಲಭ ಅನ್ನುವ ಮಾತನ್ನು ಅಲ್ಲಿಗೆ ಮರೆಯುತ್ತೀರಿ.

ಬೆಂಚಿನ ವಿಷಯದಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಉಪಕರಣಕ್ಕೆಲ್ಲ ದುಡ್ಡು ಸುರಿದು, ಗಡಗಡ ಅಲ್ಲಾಡುವ ಮೇಜಿನ ಮೇಲೆ ಕೆಲಸ ಶುರು ಮಾಡುವುದು. ಗೊರಡು ತಳ್ಳಿದ ಬಲದಲ್ಲಿ ಬೆಂಚು ಅಲ್ಲಾಡಲು ಹೋದ ಪಾಲು ಅಲಗಿಗೆ ಸಿಗುವುದಿಲ್ಲ. ಬೆಂಚು ಭಾರ ಇರಬೇಕು, ಕಾಲುಗಳು ಪಕ್ಕಕ್ಕೆ ವಾಲಬಾರದು. ಫ್ರಾನ್ಸಿನ ಆಂದ್ರೆ ರೂಬೊ ಎಂಬ ಬಡಗಿ 1769ರಿಂದ ಪ್ರಕಟಿಸಿದ ಚಿತ್ರಗಳಲ್ಲಿ ಒಂದು ಬೆಂಚು ಇದೆ. ಮೇಲೆ ಒಂದೇ ದಪ್ಪ ಹಲಗೆ, ಕಾಲುಗಳು ಹಲಗೆಯ ಅಂಚಿಗೆ ಸಮವಾಗಿ. ಉದ್ದದ ಹಲಗೆಯ ಅಂಚು ಕೀಸಬೇಕಾದಾಗ ಆ ಕಾಲಿಗೇ ಒತ್ತಿ ಹಿಡಿಯಬಹುದು. ಇಂದಿಗೂ ಹವ್ಯಾಸಿಗಳು ಅದನ್ನೇ ನಕಲು ಮಾಡುತ್ತಾರೆ.

ಹಲಗೆಯನ್ನು ಹಿಡಿದಿಡಲು ವೈಸ್ ಎಂಬ ದುಬಾರಿ ತಿರುಪಿನ ಇಕ್ಕಳ ಕೂಡ ಬೇಕಿಲ್ಲ. ಬೆಂಚಿನಲ್ಲಿ ಒಂದು ತೂತು, ಅದರಲ್ಲಿ ಮೇಲ್ತುದಿ ಬಗ್ಗಿದ ಕಬ್ಬಿಣದ ಸರಳು. ಕೊಡತಿಯಿಂದ ತಲೆಗೆ ಒಂದು ಹೊಡೆದರೆ ಸರಳು ತೂತಿನಲ್ಲಿ ಓರೆಯಾಗಿ ಸಿಕ್ಕಿ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಬಗ್ಗಿದ ಕಬ್ಬಿಣದ ಸ್ಪ್ರಿಂಗ್ ಗುಣ ಮತ್ತು ತೂತಿನ ಗೋಡೆಯ ಘರ್ಷಣೆ, ಎರಡೇ ಸೇರಿ ಮಾಡುವ ಕೆಲಸ. ಹಿಂದಿನಿಂದ ಒಂದು ತಟ್ಟಿದರೆ ಬಿಡುತ್ತದೆ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಹೂತುಹಾಕಿದ ಹರ್ಕ್ಯುಲೇನಿಯಮ್ ಊರಿನ ಗೋಡೆಚಿತ್ರವೊಂದರಲ್ಲಿ ರೆಕ್ಕೆಯ ಪುಟ್ಟ ಮನ್ಮಥರಿಬ್ಬರು ಗರಗಸ ಎಳೆಯುತ್ತಿದ್ದಾರೆ. ಅವರ ಬೆಂಚಿನ ಮೇಲೂ ಇದೇ ಸರಳು ಇದೆ.

ಒಂದಕ್ಕೊಂದು ಕಚ್ಚಿಕೊಳ್ಳುವ ಜೋಡಣೆಗಳು ಅದಕ್ಕಿಂತ ಎಷ್ಟೋ ಹಳೆಯವು. ಜರ್ಮನಿಯ ಲೀಪ್ಸಿಗ್ ಸುತ್ತಮುತ್ತ ಸಿಕ್ಕ ಓಕ್ ಮರದ ಬಾವಿಗಳಿಗೆ 7,000 ವರ್ಷ ದಾಟಿದೆ. ಲೋಹದ ಉಪಕರಣ ಬಾರದ ಕಾಲ. ಕಲ್ಲಿನ ಬಾಚಿಯಲ್ಲಿ ಕೆತ್ತಿ, ಒಂದರ ತೂತಿಗೆ ಇನ್ನೊಂದರ ತುದಿ ಕೂರಿಸಿ, ಬೆಣೆ ಹೊಡೆದಿದ್ದಾರೆ. ನಾನು ಎಂಟು ಸ್ಕ್ರೂ ಬಿಗಿದಿದ್ದೆ.

ಇನ್ನು ಮೈಗೆ ಹೊಳಪು ಕೊಡುವ ಕೆಲಸ. ಇಲ್ಲಿ ಹವ್ಯಾಸಿಗಳಿಗೆ ಆತುರ ಜಾಸ್ತಿ. ಉಪ್ಪುಕಾಗದ 80, 120, 180, 220 ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. 80ರ ಹರಳು ಸುಮಾರು 0.2 ಮಿ.ಮೀ., 220ರದ್ದು ಅದರ ಮೂರನೇ ಒಂದು ಪಾಲು. ನಡುವಿನ ಮೆಟ್ಟಿಲು ಹಾರಿದರೆ ದೊಡ್ಡ ಹರಳಿನ ಗೀರು ಹಾಗೇ ಉಳಿಯುತ್ತದೆ, ಪಾಲಿಶ್ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಬೇಕು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ.

ಎಣ್ಣೆ ಸವರಿದಾಗ ಹಲಗೆ ಒಮ್ಮೆಲೇ ಜೀವ ಬಂದಂತೆ ಕಾಣುತ್ತದೆ, ಅಲ್ವಾ? ಒಣ ಮರದಲ್ಲಿ ಕೊಳವೆಗಳ ತುಂಬ ಗಾಳಿ. ಗಾಳಿಯಿಂದ ಮರಕ್ಕೆ, ಮರದಿಂದ ಗಾಳಿಗೆ ದಾಟುವಾಗಲೆಲ್ಲ ಬೆಳಕು ಚದುರಿ ಮೈ ಬಿಳಿಚಿಕೊಳ್ಳುತ್ತದೆ. ಎಣ್ಣೆಯಲ್ಲಿ ಬೆಳಕು ಬಾಗುವ ಪ್ರಮಾಣ ಸೆಲ್ಯುಲೋಸ್‌ನದ್ದಕ್ಕೆ ಬಹಳ ಹತ್ತಿರ. ಎಣ್ಣೆ ತುಂಬಿದ ಕಡೆ ಬೆಳಕು ಚದುರದೆ ಆಳಕ್ಕೆ ಇಳಿದು ಬಣ್ಣ ಹೊತ್ತು ಹೊರಬರುತ್ತದೆ. ನೆನೆದ ಕಲ್ಲು ಕಪ್ಪಾಗಿ ಕಾಣುವುದೂ ಇದೇ ಕಾರಣಕ್ಕೆ.

ಆದರೆ ಎಲ್ಲ ಎಣ್ಣೆಯೂ ಒಣಗುವುದಿಲ್ಲ. ತೆಂಗಿನೆಣ್ಣೆ ಹಚ್ಚಿದರೆ ಅದು ಎಣ್ಣೆಯಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆಯ ಅಣುಗಳಲ್ಲಿ ಆಮ್ಲಜನಕ ಬಂದು ಕೂರಲು ಜಾಗ ಇದೆ. ಅದು ಗಾಳಿಯಿಂದ ಆಮ್ಲಜನಕ ಹೀರಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತದೆ. ಒಣಗುವುದು ಅನ್ನುತ್ತೇವೆ, ತೂಕ ಮಾತ್ರ ಏರುತ್ತದೆ! ಅರಗಿನ ಪಾಲಿಶ್ ಬೇರೆ ಜಾತಿ. ಅರಗಿನ ಹುಳು ಕೊಂಬೆಯ ಮೇಲೆ ಸುರಿಸಿದ ಅಂಟನ್ನು ಆಲ್ಕೊಹಾಲ್‌ನಲ್ಲಿ ಕರಗಿಸಿ ಬಳಿಯುವುದು. ಆಲ್ಕೊಹಾಲ್ ಆರಿದರೆ ಅರಗು ಉಳಿಯುತ್ತದೆ. ಹೊಸ ಪದರ ಹಳೆಯದನ್ನು ಕರಗಿಸಿ ಅದರೊಡನೆ ಬೆರೆಯುತ್ತದೆ, ಹಾಗಾಗಿ ರಿಪೇರಿ ಸುಲಭ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ಪಾಲಿಶ್‌ನ ಪದರ ಗಟ್ಟಿ, ಆದರೆ ಒಮ್ಮೆ ಕಿತ್ತುಬಂದರೆ ತೇಪೆ ಹಾಕಿದ್ದು ಕಾಣುತ್ತದೆ. ನನ್ನ ಓಟು ಅರಗಿಗೆ.

ಅರಗಿನ ಮನೆಯ ಕಥೆ ಕೇಳಿದವರಿಗೆ ಬೆಂಕಿಯ ಭಯ ಇರುತ್ತದೆ, ಇರಬೇಕಾದ್ದೇ. ಆದರೆ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳುವುದು ಅಗಸೆ ಎಣ್ಣೆ. ಆಮ್ಲಜನಕ ಹೀರುವಾಗ ಅದು ಬಿಸಿ ಬಿಡುತ್ತದೆ. ಹಲಗೆಯ ಮೇಲೆ ಆ ಬಿಸಿ ಗಾಳಿಗೆ ಹೋಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡುತ್ತದೆ, ಬಿಸಿಯಾದಷ್ಟೂ ಹೀರುವ ವೇಗ ಏರುತ್ತದೆ, ಕೆಲವು ಗಂಟೆಗಳಲ್ಲಿ ಬಟ್ಟೆ ಉರಿಯಬಹುದು. 1991ರ ಫೆಬ್ರುವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಮಹಡಿಯ ಕಟ್ಟಡದಲ್ಲಿ ನಡೆದದ್ದು ಇದೇ. 22ನೇ ಮಹಡಿಯಲ್ಲಿ ಗೋಡೆಯ ಮರದ ಹಲಗೆಗಳಿಗೆ ಪಾಲಿಶ್ ಮಾಡಿದ ಎಣ್ಣೆಬಟ್ಟೆಗಳಿಂದ ಬೆಂಕಿ ಎದ್ದು, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. 30ನೇ ಮಹಡಿಯ ನೀರಿನ ಸಿಂಪರಣೆ ಬೆಂಕಿಯನ್ನು ತಡೆಯಿತು. ಬಟ್ಟೆಯನ್ನು ಬಿಡಿಸಿ, ಒಂದೇ ಪದರವಾಗಿ ಹೊರಗೆ ಹರವಿ ಒಣಗಿಸಿ. ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿ. ಇದೊಂದರಲ್ಲಿ ಸೋಮಾರಿತನ ಬೇಡ.

ಪಾಲಿಶ್ ಹೊಡೆದರೆ ಹಲಗೆ ನೀರು ಕುಡಿಯುವುದನ್ನು ನಿಲ್ಲಿಸುತ್ತದೆ ಅನ್ನುವುದು ನನ್ನ ಹಳೆಯ ನಂಬಿಕೆ. ನಿಲ್ಲಿಸುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಎಣ್ಣೆಯಾದರೆ ನಿಧಾನವೂ ಬಹಳ ಕಡಿಮೆ. ಕಾಣುವ ಮೈಗೆ ಮಾತ್ರ ದಪ್ಪ ಪದರ ಕೊಟ್ಟು ಅಡಿಯನ್ನು ಬರಿದೇ ಬಿಟ್ಟರೆ ಒಂದು ಮೈ ಬೇಗ, ಇನ್ನೊಂದು ತಡವಾಗಿ ಹೀರಿ ಹಲಗೆ ದೋಣಿಯ ಹಾಗೆ ಬಾಗುತ್ತದೆ.

ಆ ಮೇಜನ್ನು ಎಸೆಯಲಿಲ್ಲ. ಅಂಟು ಕೆತ್ತಿ ತೆಗೆದು, ಬಿರುಕಿನ ಎರಡೂ ಅಂಚು ಕೀಸಿ ಮತ್ತೆ ಜೋಡಿಸಿದೆ. ಅಡ್ಡಪಟ್ಟಿಗೆ ಈಗ ಅಂಟಿಲ್ಲ. ಸ್ಕ್ರೂ ತೂತುಗಳಲ್ಲಿ ನಡುವಿನವನ್ನು ಬಿಟ್ಟು ಉಳಿದವನ್ನು ಅಗಲದ ದಿಕ್ಕಿಗೆ ಉದ್ದ ಮಾಡಿದ್ದೇನೆ. ಪಟ್ಟಿಯ ತುದಿಯಲ್ಲಿ, ಹಲಗೆಯ ಅಂಚು ಬರುವ ಕಡೆ, ಬೇಸಿಗೆಯಲ್ಲಿ ಒಂದು ಪೆನ್ಸಿಲ್ ಗೆರೆ ಎಳೆದಿಟ್ಟೆ. ಮಳೆಗಾಲದ ನಡುವೆ ಬಗ್ಗಿ ನೋಡಿದರೆ ಗೆರೆ ಕಾಣುತ್ತಿರಲಿಲ್ಲ. ಹಲಗೆ ಹಿಗ್ಗಿ ಅದರ ಮೇಲೆ ಬಂದು ಕೂತಿತ್ತು.