ಕೊನೆಯ ಎರಡು ನಾಟ್‌ಗಳ ಬೆಲೆ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. 10 ಎಚ್‌ಪಿವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ಗಂಗೊಳ್ಳಿಯಲ್ಲಾಗಲಿ ಮಲ್ಪೆಯಲ್ಲಾಗಲಿ ‘ಹತ್ತು ಎಚ್‌ಪಿ’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಹೊರಳಿಸುವ ಟು-ಸ್ಟ್ರೋಕ್ ಎಂಜಿನ್ನಾದರೆ, ಪೂರ್ತಿ ಥ್ರಾಟಲ್ ಕೊಟ್ಟಾಗ ಅದು ಗಂಟೆಗೆ ನಾಲ್ಕು ಲೀಟರ್ ಆಸುಪಾಸು ಕುಡಿಯುತ್ತದೆ. ಈ ಗಂಟೆಯ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಆದರೆ ಜೇಬಿಗೆ ಹೊರೆಯಾಗುವುದು ಕಿಲೋಮೀಟರಿನ ಲೆಕ್ಕ. ಮೀನು ಇರುವ ಜಾಗ ದಡದಿಂದ ಇಷ್ಟು ದೂರ ಎಂಬುದು ನಮ್ಮ ಕೈಯಲ್ಲಿಲ್ಲ. ಆ ದೂರವನ್ನು ಯಾವ ವೇಗದಲ್ಲಿ ಕ್ರಮಿಸುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಕಡಲಿನಲ್ಲಿ ವೇಗಕ್ಕೂ ಎಣ್ಣೆಗೂ ಇರುವ ಸಂಬಂಧ ರಸ್ತೆಯ ಮೇಲಿನದಕ್ಕಿಂತ ಬಹಳ ಬೇರೆ, ಬಹಳ ಕಠೋರ.

ದೋಣಿಯನ್ನು ನೀರು ಮುಖ್ಯವಾಗಿ ಎರಡು ರೀತಿಯಲ್ಲಿ ತಡೆಯುತ್ತದೆ. ಒಂದು, ತಳಕ್ಕೆ ಉಜ್ಜಿಕೊಂಡು ಹೋಗುವ ನೀರಿನ ಘರ್ಷಣೆ. ಇದು ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇನ್ನೊಂದು, ದೋಣಿ ತಾನೇ ಎಬ್ಬಿಸುವ ಅಲೆ. ದೋಣಿಯ ಹಿಂದೆ ಹರಡಿಕೊಳ್ಳುವ ಆ ಅಲೆಗಳು ನೋಡಲು ಚೆಂದ, ಆದರೆ ಅವುಗಳಲ್ಲಿರುವ ಶಕ್ತಿಯೆಲ್ಲ ಟ್ಯಾಂಕಿನಿಂದಲೇ ಹೋದದ್ದು. ನಿಧಾನಕ್ಕೆ ಹೋಗುವಾಗ ಈ ಎರಡನೆಯದು ಲೆಕ್ಕಕ್ಕೇ ಬರುವುದಿಲ್ಲ. ಒಂದು ಮಿತಿ ದಾಟಿದರೆ ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ.

ಆ ಮಿತಿ ಎಲ್ಲಿದೆ ಎಂಬುದನ್ನು ಕಣ್ಣಾರೆ ನೋಡಬಹುದು. ನೀರಿನ ಮಟ್ಟದಲ್ಲಿ ಒಂಬತ್ತು ಮೀಟರ್ ಉದ್ದದ ದೋಣಿಯೊಂದನ್ನು ತೆಗೆದುಕೊಳ್ಳಿ. ಆಳ ನೀರಿನಲ್ಲಿ ಅಲೆ ಎಷ್ಟು ಉದ್ದವೋ ಅಷ್ಟು ವೇಗ. ದೋಣಿಯ ಜೊತೆಗೇ ಓಡುವ ಅಲೆಗೆ ದೋಣಿಯದೇ ವೇಗ ಇರಬೇಕು. ಹೀಗಾಗಿ ವೇಗ ಗೊತ್ತಿದ್ದರೆ ಅಲೆಯ ಉದ್ದವೂ ಗೊತ್ತಾದಂತೆ. ಗಂಟೆಗೆ 9 ಕಿ.ಮೀ. ವೇಗದಲ್ಲಿ ದೋಣಿಯ ಬದಿಯಲ್ಲಿ ಬಗ್ಗಿ ನೋಡಿದರೆ ಪ್ರತಿ 4 ಮೀಟರಿಗೆ ಒಂದು ಉಬ್ಬು ಕಾಣುತ್ತದೆ, ಅಂದರೆ ದೋಣಿಯ ಉದ್ದದಲ್ಲಿ ಎರಡು ಅಲೆ ಹಿಡಿಸುತ್ತವೆ. 11 ಕಿ.ಮೀ.ಗೆ ಏರಿಸಿ, ಉಬ್ಬುಗಳ ನಡುವಿನ ಅಂತರ 6 ಮೀಟರ್ ಆಗುತ್ತದೆ. 13.5 ಕಿ.ಮೀ. ತಲುಪುವಾಗ ಅಂತರ ಸರಿಯಾಗಿ 9 ಮೀಟರ್: ಒಂದು ಉಬ್ಬು ಮೂತಿಯಲ್ಲಿ, ಇನ್ನೊಂದು ಹಿಂಭಾಗದಲ್ಲಿ, ನಡುವೆ ತಗ್ಗು. ದೋಣಿ ತನ್ನದೇ ಅಲೆಯ ತೊಟ್ಟಿಲಿನಲ್ಲಿ ಕೂತಂತೆ. ಇನ್ನೂ ಥ್ರಾಟಲ್ ಕೊಟ್ಟು 16 ಕಿ.ಮೀ.ಗೆ ಹೋಗಲು ನೋಡಿದರೆ ಅಲೆಯ ಉದ್ದ 12 ಮೀಟರ್ ದಾಟುತ್ತದೆ. ಹಿಂದಿನ ಉಬ್ಬು ದೋಣಿಯನ್ನು ಬಿಟ್ಟು ಹಿಂದೆ ಸರಿಯುತ್ತದೆ, ಹಿಂಭಾಗ ತಗ್ಗಿಗೆ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಅಲ್ಲಿಂದ ಮುಂದೆ ದೋಣಿ ತಾನೇ ಎಬ್ಬಿಸಿದ ದಿಬ್ಬವನ್ನು ಹತ್ತುತ್ತಲೇ ಇರಬೇಕು, ಆ ದಿಬ್ಬವಾದರೋ ಎಂದೂ ಮುಗಿಯುವುದಿಲ್ಲ.

ಈ 13.5 ಕಿ.ಮೀ., ಅಂದರೆ ಸುಮಾರು 7.3 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.), ಒಂಬತ್ತು ಮೀಟರ್ ದೋಣಿಯ ಸಹಜ ಗಡಿ. ಮೀಟರಿನಲ್ಲಿ ಉದ್ದ ತೆಗೆದುಕೊಂಡು ಅದರ ವರ್ಗಮೂಲವನ್ನು 2.43ರಿಂದ ಗುಣಿಸಿದರೆ ಯಾವ ದೋಣಿಯ ಗಡಿಯೂ ನಾಟ್‌ಗಳಲ್ಲಿ ಸಿಗುತ್ತದೆ. ಇಲ್ಲಿ ಎಂಜಿನ್ನಿನ ಎಚ್‌ಪಿ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿ. ಗಡಿಯನ್ನು ನಿರ್ಧರಿಸುವುದು ಉದ್ದ. ದೋಣಿ ಸಪೂರವಾದಷ್ಟೂ ಎಬ್ಬಿಸುವ ಅಲೆ ಚಿಕ್ಕದು, ಹಾಗಾಗಿ ಗಡಿಯೂ ಅಷ್ಟು ಬಿಗಿಯಾಗಿರುವುದಿಲ್ಲ. ತೋಳಬಲದಿಂದಲೇ ಹುಟ್ಟು ಹಾಕುತ್ತಿದ್ದ ಕಾಲದ ದೋಣಿಗಳು ಉದ್ದಕ್ಕೆ, ಸಪೂರಕ್ಕೆ ಇರುತ್ತಿದ್ದುದು ಬರೀ ರೂಢಿಯಿಂದಲ್ಲ. ವ್ಯರ್ಥ ಮಾಡಲು ಅವರ ಬಳಿ ಶಕ್ತಿಯೇ ಇರಲಿಲ್ಲ. ಎಂಜಿನ್ ಬಂದ ಮೇಲೆ ಗಿಡ್ಡಗೆ, ಅಗಲಕ್ಕೆ ಕಟ್ಟಿದರೂ ನಡೆಯುತ್ತದೆ ಎನ್ನುವಂತಾಯಿತು. ಅದರ ದಂಡವನ್ನು ಎಣ್ಣೆಯಲ್ಲಿ ಕಟ್ಟುತ್ತಿದ್ದೇವೆ.

ಇದನ್ನೆಲ್ಲ ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ವಿಲಿಯಂ ಫ್ರೂಡ್ (1810–1879). ಮೊದಲು ರೈಲು ಮಾರ್ಗದ ಎಂಜಿನಿಯರ್ ಆಗಿದ್ದವರು. 1867ರಲ್ಲಿ ಡಾರ್ಟ್ ನದಿಯಲ್ಲಿ ಎರಡು ಬಗೆಯ ದೋಣಿ ಮಾದರಿಗಳನ್ನು ಮೂರು, ಆರು, ಹನ್ನೆರಡು ಅಡಿ ಉದ್ದಗಳಲ್ಲಿ ಮಾಡಿಸಿ ಉಗಿದೋಣಿಯಿಂದ ಎಳೆಸಿ ನೋಡಿದರು. ಚೂಪು ಮೂತಿಯದಕ್ಕೆ ‘ರೇವನ್’, ಉರುಟು ಮೂತಿಯದಕ್ಕೆ ‘ಸ್ವಾನ್’ ಎಂದು ಹೆಸರು. ಚೂಪಾದದ್ದೇ ಸದಾ ಗೆಲ್ಲಬೇಕು ಎಂಬ ಆ ಕಾಲದ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಅದಕ್ಕಿಂತ ದೊಡ್ಡ ವಿಷಯವೆಂದರೆ, ವೇಗವನ್ನು ಉದ್ದದ ವರ್ಗಮೂಲಕ್ಕೆ ಹೊಂದಿಸಿದರೆ ಚಿಕ್ಕ ಮಾದರಿಯೂ ದೊಡ್ಡ ಹಡಗೂ ಒಂದೇ ಆಕಾರದ ಅಲೆ ಎಬ್ಬಿಸುತ್ತವೆ ಎಂಬುದು ಅವರಿಗೆ ಸ್ಪಷ್ಟವಾಯಿತು. ಒಂಬತ್ತರಲ್ಲೊಂದು ಅಳತೆಯ ಮಾದರಿಯನ್ನು ಮೂರನೇ ಒಂದು ವೇಗದಲ್ಲಿ ಎಳೆದರೆ ಸಾಕು, ಕಟ್ಟದೇ ಇರುವ ಹಡಗಿನ ಅಲೆ ಕಣ್ಣೆದುರಿಗೆ ಬರುತ್ತದೆ. ನೌಕಾಪಡೆಯ ಹಣದಲ್ಲಿ ಟಾರ್ಕಿಯ ತಮ್ಮ ಮನೆಯ ಬಳಿ ಅವರು ಕಟ್ಟಿಸಿದ ಪರೀಕ್ಷಾ ಕೊಳ 1872ರ ಹೊತ್ತಿಗೆ ಕೆಲಸ ಶುರು ಮಾಡಿತ್ತು. ಇಂದಿಗೂ ಹಡಗುಗಳ ವಿನ್ಯಾಸ ಇದೇ ದಾರಿಯಲ್ಲಿ ಸಾಗುತ್ತದೆ.

ಈಗ ಎಣ್ಣೆಯ ಲೆಕ್ಕ. ಗಡಿಗಿಂತ ಕೆಳಗೆ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಉದಾರವಾಗಿಯೇ ಹಿಡಿಯೋಣ. ಆಗ ಕಿಲೋಮೀಟರಿಗೆ ಬೇಕಾದ ಎಣ್ಣೆಯೂ ವೇಗದ ವರ್ಗಕ್ಕೆ ತಕ್ಕಂತೆ, ಗಂಟೆಗೆ ಬೇಕಾದದ್ದು ಘನಕ್ಕೆ ತಕ್ಕಂತೆ ಏರಬೇಕು. ಗಂಟೆಗೆ 12 ಕಿ.ಮೀ. ವೇಗದಲ್ಲಿ 4 ಲೀಟರ್ ಸುಡುವ ದೋಣಿ 20 ಕಿ.ಮೀ. ದೂರ ಹೋಗಿ ಬರಲು ತೆಗೆದುಕೊಳ್ಳುವುದು 3 ಗಂಟೆ 20 ನಿಮಿಷ, 13 ಲೀಟರಿಗೆ ತುಸು ಹೆಚ್ಚು. ವೇಗವನ್ನು ಹತ್ತರಲ್ಲಿ ಒಂದು ಪಾಲು ಇಳಿಸಿ 10.8 ಕಿ.ಮೀ. ಮಾಡಿದರೆ 22 ನಿಮಿಷ ಹೆಚ್ಚು ಹಿಡಿಯುತ್ತದೆ, ಎರಡೂವರೆ ಲೀಟರ್ ಉಳಿಯುತ್ತದೆ. ಗಡಿಯ ಹತ್ತಿರ ಹೋದಂತೆ ತಡೆ ವರ್ಗವನ್ನೂ ಮೀರಿ ಏರುವುದರಿಂದ ನಿಜವಾದ ಉಳಿತಾಯ ಇದಕ್ಕಿಂತ ಹೆಚ್ಚೇ ಇರುತ್ತದೆ. ಕಿವಿಗೆ ಬೀಳುವ ಲೆಕ್ಕವೂ ಒಂದಿದೆ: ಎಂಜಿನ್ನಿನ ಸುತ್ತು ಐದರಲ್ಲಿ ನಾಲ್ಕು ಪಾಲಿಗೆ ಇಳಿದರೆ ಪ್ರೊಪೆಲರ್ ಹೀರುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ತೀರಾ ಕಡಿಮೆ ಥ್ರಾಟಲ್‌ನಲ್ಲಿ ಕಾರ್ಬ್ಯುರೇಟರಿನ ಟು-ಸ್ಟ್ರೋಕ್ ಎಂಜಿನ್ ಸರಿಯಾಗಿ ಉರಿಸುವುದಿಲ್ಲ, ಆದ್ದರಿಂದ ಆಮೆ ನಡೆಯೂ ಲಾಭವಲ್ಲ. ಗಡಿಯ ಮುಕ್ಕಾಲು ಪಾಲಿನಿಂದ ಹತ್ತರಲ್ಲಿ ಒಂಬತ್ತು ಪಾಲಿನ ನಡುವಿನ ವೇಗ ಹೆಚ್ಚಿನ ದೋಣಿಗಳಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಪ್ರವಾಸಿಗರನ್ನು ಸುತ್ತಾಡಿಸುವ ಸ್ಪೀಡ್‌ಬೋಟ್ ಈ ನಿಯಮ ಮುರಿಯುತ್ತದಲ್ಲ ಎಂದು ಕೇಳಬಹುದು. ಮುರಿಯುತ್ತದೆ. ಹಗುರ ಮೈ, ಚಪ್ಪಟೆ ತಳ, ಭಾರಕ್ಕೆ ಹೋಲಿಸಿದರೆ ಬಹಳ ದೊಡ್ಡ ಎಂಜಿನ್ ಇದ್ದರೆ ಬೋಟು ದಿಬ್ಬ ದಾಟಿ ನೀರಿನ ಮೇಲೆ ಜಾರಲು ತೊಡಗುತ್ತದೆ. ಕಿಲೋಮೀಟರಿನ ಲೆಕ್ಕದಲ್ಲಿ ಅಂಥ ಬೋಟಿಗೆ ಅತಿ ದುಬಾರಿ ವೇಗ ಸಾಮಾನ್ಯವಾಗಿ ಗರಿಷ್ಠ ವೇಗವಲ್ಲ, ನಡುವಿನದು: ಮೂತಿ ಆಕಾಶಕ್ಕೆ, ಹಿಂಭಾಗ ನೀರೊಳಗೆ, ಹಿಂದೆ ದೊಡ್ಡ ಅಲೆ. ಅಲ್ಲೇ ತೊಯ್ದಾಡುವ ಬದಲು ಇನ್ನಷ್ಟು ಥ್ರಾಟಲ್ ಕೊಟ್ಟು ಮೂತಿ ಕೆಳಗಿಳಿದ ಮೇಲೆ ಸ್ವಲ್ಪ ತಗ್ಗಿಸುವುದು ಮೇಲು, ಇಲ್ಲವೇ ಪೂರ್ತಿ ಕೆಳಗಿಳಿದು ನಿಧಾನ ಸಾಗುವುದು ಮೇಲು. ಬಲೆ, ಮಂಜುಗಡ್ಡೆ, ಮೀನು ಹೇರಿದ ನಾಡದೋಣಿ ಹತ್ತು ಎಚ್‌ಪಿಯಲ್ಲಿ ಜಾರುವ ಮಾತೇ ಇಲ್ಲ. ಅದಕ್ಕೆ ದೊಡ್ಡ ಎಂಜಿನ್ ಕಟ್ಟಿದರೂ ಹೆಚ್ಚಿನ ಪಾಲು ಅಲೆಗೇ ಹೋಗುತ್ತದೆ.

ಅಳಿವೆಯ ಒಳಗೆ ಇನ್ನೊಂದು ಸಂಗತಿ. ಆಳ ಕಡಿಮೆಯಾದರೆ ಅಲೆ ನಿಧಾನವಾಗುತ್ತದೆ, ಎರಡು ಮೀಟರ್ ನೀರಿನಲ್ಲಿ ಯಾವ ಅಲೆಯೂ ಗಂಟೆಗೆ 16 ಕಿ.ಮೀ. ಮೀರಲಾರದು. ಅಂದರೆ ದಿಬ್ಬ ಇನ್ನೂ ಬೇಗ ಎದುರಾಗುತ್ತದೆ. ದಡದ ಹತ್ತಿರ ಅವಸರ ಮಾಡಿದರೆ ಎಣ್ಣೆಯೂ ಹೆಚ್ಚು ಹೋಗುತ್ತದೆ, ಚಿಕ್ಕ ದೋಣಿಗಳೂ ಹೊಯ್ದಾಡುತ್ತವೆ.

ಮೀನುಗಾರರು ‘ಫ್ಯಾನ್’ ಎನ್ನುವ ಪ್ರೊಪೆಲರಿನ ಬಗ್ಗೆ ಹೇಳದೆ ಇರಲಾರೆ, ಏಕೆಂದರೆ ಸದ್ದಿಲ್ಲದೆ ಎಣ್ಣೆ ಸೋರುವುದು ಅಲ್ಲೇ. ಸ್ವಲ್ಪ ನೀರನ್ನು ಜೋರಾಗಿ ತಳ್ಳುವುದಕ್ಕಿಂತ ಬಹಳ ನೀರನ್ನು ಮೆಲ್ಲಗೆ ತಳ್ಳಿದರೆ ಅದೇ ತಳ್ಳುಬಲಕ್ಕೆ ಶಕ್ತಿ ಕಡಿಮೆ ಸಾಕು. ಹಾಗಾಗಿ ಭಾರದ ದೋಣಿಗೆ ಬೇಕಾದದ್ದು ದೊಡ್ಡ ವ್ಯಾಸದ, ನಿಧಾನ ತಿರುಗುವ ಫ್ಯಾನ್. ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳ ಜೊತೆ ಬರುವುದು ಹೆಚ್ಚಾಗಿ ಇದಕ್ಕೆ ವಿರುದ್ಧ: ಹಗುರ ಬೋಟಿಗೆಂದು ಮಾಡಿದ, ಚಿಕ್ಕ, ಬಿರುಸಾಗಿ ತಿರುಗುವ ಫ್ಯಾನ್. ಫ್ಯಾನಿನ ಸುತ್ತು ತಗ್ಗಿಸುವ ರಿಡಕ್ಷನ್ ಗೇರಿನ ಒಳ ಎಂಜಿನ್ ಇರುವ ಡೀಸೆಲ್ ಬೋಟಿನ ಮಿತವ್ಯಯಕ್ಕೆ ಅದರ ದೊಡ್ಡ ಫ್ಯಾನೂ ಒಂದು ಕಾರಣ. ಅಂಚು ಮುರಿದ ಫ್ಯಾನ್, ತಳಕ್ಕೆ ಹಿಡಿದ ಪಾಚಿ, ಅಂಟಿಕೊಂಡ ಚಿಪ್ಪುಜೀವಿಗಳು ಎಲ್ಲವೂ ಎಣ್ಣೆಯ ಖರ್ಚನ್ನು ಏರಿಸುತ್ತವೆ. ಮಳೆಗಾಲದಲ್ಲಿ ಬೋಟುಗಳನ್ನು ಮೇಲೆಳೆದು ತಳ ಕೆರೆದು ಬಣ್ಣ ಬಳಿಯುವುದು ಮರವನ್ನೋ ಕಬ್ಬಿಣವನ್ನೋ ಉಳಿಸಲು ಮಾತ್ರವಲ್ಲ.

ನಿಮ್ಮ ದೋಣಿಯ ಸರಿಯಾದ ವೇಗ ತಿಳಿಯಲು ಯಾವ ಪ್ರಯೋಗಾಲಯವೂ ಬೇಡ. ಅಳತೆಯ ಗೆರೆ ಹಾಕಿದ ಐದು ಲೀಟರಿನ ಕ್ಯಾನಿನಿಂದ ಎಂಜಿನ್ನಿಗೆ ಎಣ್ಣೆ ಬಿಡಿ. ಮೊಬೈಲಿನ ಜಿಪಿಎಸ್ ನೋಡಿಕೊಂಡು ಎರಡು ಗುರುತುಗಳ ನಡುವೆ ಒಂದೇ ಥ್ರಾಟಲ್‌ನಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ವಾಪಸ್ ಬರಲೇಬೇಕು, ಏಕೆಂದರೆ ಒಂದು ಕಡೆ ನೀರಿನ ಸೆಳೆತ ದೋಣಿಯನ್ನು ತಳ್ಳಿದರೆ ಇನ್ನೊಂದು ಕಡೆ ಎದುರಾಗುತ್ತದೆ. ಕ್ಯಾನಿನಲ್ಲಿ ಇಳಿದ ಎಣ್ಣೆಯನ್ನು ಒಟ್ಟು ದೂರದಿಂದ ಭಾಗಿಸಿ ಬರೆದಿಡಿ. ಥ್ರಾಟಲನ್ನು ನಾಲ್ಕೈದು ಹಂತಗಳಲ್ಲಿ ಬದಲಿಸಿ, ಪ್ರತಿ ಹಂತಕ್ಕೂ ಇದನ್ನೇ ಮಾಡಿದರೆ ಒಂದು ಹಂತದಿಂದ ಆಚೆಗೆ ಅಂಕಿ ದಿಢೀರನೆ ಜಿಗಿಯುವುದು ಕಾಣುತ್ತದೆ. ಆ ಜಿಗಿತ ನಿಮ್ಮ ದೋಣಿಯ ಉದ್ದ ಹೇಳಿದ ಜಾಗದ ಹತ್ತಿರವೇ ಇರುತ್ತದೆ.

ಇಷ್ಟೆಲ್ಲ ಹೇಳಿ, ನಿಧಾನ ಹೋಗಿ ಎಂದು ಮೀನುಗಾರರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ಹರಾಜಿನ ಕಟ್ಟೆಗೆ ಮೊದಲು ಬಂದ ಮೀನಿಗೆ ಸಿಗುವ ದರ ಹೊತ್ತು ಕಳೆದ ಮೇಲೆ ಸಿಗುವುದಿಲ್ಲ, ಕರಗುವ ಮಂಜುಗಡ್ಡೆಯೂ ಕಾಯುವುದಿಲ್ಲ. ಅವರ ಅವಸರಕ್ಕೆ ಅರ್ಥವಿದೆ. ಅದಕ್ಕೇ ಹೋಗುವ ದಾರಿಯನ್ನೂ ಬರುವ ದಾರಿಯನ್ನೂ ಬೇರೆ ಬೇರೆ ತೂಗಬೇಕು. ನಮ್ಮ ಲೆಕ್ಕದ ದೋಣಿಯಲ್ಲಿ ಹೋಗುವಾಗ ಹನ್ನೊಂದು ನಿಮಿಷ ಮುಂಚೆ ಹೊರಟರೆ ಒಂದೂಕಾಲು ಲೀಟರ್ ಉಳಿಯುತ್ತದೆ, ಮೀನಿನ ದರಕ್ಕೆ ಅದರಿಂದ ಯಾವ ಪೆಟ್ಟೂ ಇಲ್ಲ. ಬರುವಾಗ ಹನ್ನೊಂದು ನಿಮಿಷಕ್ಕೆ ಅಂದಿನ ಹರಾಜಿನಲ್ಲಿ ಒಂದೂಕಾಲು ಲೀಟರಿಗಿಂತ ಹೆಚ್ಚು ಬೆಲೆ ಇದೆ ಎಂದಾದರೆ ಥ್ರಾಟಲ್ ಕೊಡಲಿ.